ಸಣ್ಣವ ಉಣ್ಣುವವರೆಗೆ

ಜಗಳ ಎಲ್ಲಿದೆಯೋ ಅಲ್ಲಿಗೆ ಹೋಗಿ ಟೇಪು ಹಿಡಿಯುವುದು ನನ್ನ ಉದ್ಯೋಗ. ಖಾನಾಪುರ ತಾಲೂಕಿನಲ್ಲಿ ಹೊಲ ಅಳೆಯುವ ಮೋಜಣಿದಾರ ನಾನು. ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ. ಹಗಲೆಲ್ಲ ಅಣ್ಣತಮ್ಮಂದಿರ ನಡುವೆ ನಿಂತು ಬಂದವನಿಗೆ ಸಂಜೆಯಾದರೂ ಶಾಂತಿ ಸಿಗಬೇಕೆಂಬುದು ನ್ಯಾಯ. ಆದರೆ ಕೆಲವರ ಕೆಲಸ ಅವರ ಹಿಂದೆಯೇ ಬಸ್ಸು ಹತ್ತಿ ಮನೆಗೆ ಬರುತ್ತದೆ. ನನ್ನದು ಒಮ್ಮೆ ರಟ್ಟಿನ ಡಬ್ಬಿಯಲ್ಲಿ ಬಂತು.

೧. ಒಂದೇ ತಾಯಿಯ ಮಕ್ಕಳು

ಡಬ್ಬಿ ತಂದವಳು ಮಗಳು. ಪಿಯುಸಿ ಎರಡನೆಯ ವರ್ಷ ಓದುತ್ತಾಳೆ. ಒಳಗೆ ಎರಡು ಡ್ವಾರ್ಫ್ ಹ್ಯಾಮ್‌ಸ್ಟರ್. ಹ್ಯಾಮ್‌ಸ್ಟರ್ ಎಂದರೆ ಇಲಿಯ ದೂರದ ಸಂಬಂಧಿ. ಡ್ವಾರ್ಫ್ ಎಂದರೆ ಅದರಲ್ಲೂ ಗಿಡ್ಡ ಜಾತಿ, ಬಾಲ ಇದೆಯೋ ಇಲ್ಲವೋ ಎಂಬಂತಿರುತ್ತದೆ, ಮುದುಡಿ ಕೂತರೆ ಒಂದು ನಿಂಬೆಹಣ್ಣಿನಷ್ಟು. ಅಂಗಡಿಯವನು, "ಒಂದ ತಾಯಿ ಮಕ್ಕಳದಾವ್ರಿ, ಅಣ್ಣ ತಮ್ಮ. ಜಗಳದ ಮಾತ ಇಲ್ಲ" ಎಂದು ಖಾತ್ರಿ ಕೊಟ್ಟನಂತೆ. ಆ ಮಾತು ಕೇಳಿದ ಕೂಡಲೇ ನಾನು ಅಂಗಡಿಗೆ ಹೋಗಿ ಡಬ್ಬಿ ಮರಳಿಸಿ ಬರಬೇಕಿತ್ತು. ಪರಸ್ಪರ ಗುರುತೇ ಇಲ್ಲದ ಇಬ್ಬರು ಒಂದು ಬದುವಿಗಾಗಿ ಬಡಿದಾಡಿದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ.

ಮಗಳು ಇಂಗ್ಲಿಷ್ ಹೆಸರು ಇಟ್ಟಳು. ನನ್ನ ಅವ್ವ ಅವನ್ನು ಬದಿಗಿಟ್ಟು ಒಬ್ಬನನ್ನು ದೊಡ್ಡವ, ಇನ್ನೊಬ್ಬನನ್ನು ಸಣ್ಣವ ಎಂದು ಕರೆದಳು. ಮೊದಲ ಎರಡು ತಿಂಗಳು ಇಬ್ಬರೂ ಒಂದೇ ಉಂಡೆಯಾಗಿ ಮಲಗುತ್ತಿದ್ದರು. ಮನೆಗೆ ಬಂದವರನ್ನೆಲ್ಲ ಅವ್ವ ಪಂಜರದ ಮುಂದೆ ನಿಲ್ಲಿಸಿ, ಮನುಷ್ಯರು ಇವನ್ನು ನೋಡಿ ಕಲಿಯಬೇಕು ಎನ್ನುತ್ತಿದ್ದಳು.

ಮೂರನೆಯ ತಿಂಗಳು ದೊಡ್ಡವ ಕಾಳಿನ ಬಟ್ಟಲಿನ ಮೇಲೆ ಕೂತ, ಇಳಿಯಲಿಲ್ಲ. ಸಣ್ಣವ ಹತ್ತಿರ ಬಂದರೆ ಕೀಚು ದನಿ. ಆಟ ಆಡುತ್ತಿವೆ ಬಿಡು ಎಂದಳು ಅವ್ವ. ಪ್ರತಿ ಊರಿನ ಹಿರಿಯರೂ ಮೊದಲ ದಿನ ಹೀಗೇ ಹೇಳುತ್ತಾರೆ. ನಾಲ್ಕನೆಯ ದಿನ ಸಣ್ಣವನ ಕಿವಿಯ ಒಂದು ಚೂರು ಇರಲಿಲ್ಲ, ಬೆನ್ನ ಮೇಲೆ ರಕ್ತವಿತ್ತು. ಅವ್ವ ನೋಡಿ, "ಕಲಿಯೋದರಾಗ ಇವು ಮುಂದಾದ್ವು. ನಮ್ಮನ್ನ ನೋಡಿ ಕಲತ ಬಿಟ್ಟಾವ" ಎಂದಳು.

೨. ಹದ್ದುಬಸ್ತು

ಗಡಿ ಗುರುತಿಸಿ ಕಲ್ಲು ನೆಡುವುದಕ್ಕೆ ನಮ್ಮ ಕಚೇರಿಯಲ್ಲಿ ಹದ್ದುಬಸ್ತು ಎನ್ನುತ್ತಾರೆ. ಅದರಲ್ಲಿ ನನಗೆ ಹೆಸರಿದೆ. ಮಗಳು ಬೇರೆ ಪಂಜರ ತರೋಣ ಎಂದಳು. ನಾನು ನಕ್ಕೆ. ಎರಡು ಎಕರೆಯನ್ನು ಐದು ಮಂದಿಗೆ ಹಂಚಿದವನಿಗೆ ಎರಡು ಅಡಿಯ ಪಂಜರವನ್ನು ಇಬ್ಬರಿಗೆ ಹಂಚುವುದು ಏನು ಮಹಾ? ಟೇಪು ಹಿಡಿದೆ, ನಟ್ಟನಡುವೆ ಗೆರೆ ಎಳೆದೆ, ತಂತಿಯ ಜಾಳಿಗೆ ಕತ್ತರಿಸಿ ನಿಲ್ಲಿಸಿದೆ. ಒಂದು ನೂಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ಹತ್ತಿ ಓಡಲೆಂದು ಇಟ್ಟಿದ್ದ ಗಾಲಿ ದೊಡ್ಡವನ ಪಾಲಿಗೆ ಬಂತು, ನೀರಿನ ಬಾಟಲಿ ಸಣ್ಣವನ ಪಾಲಿಗೆ. ಇನ್ನೊಂದು ಗಾಲಿ, ಇನ್ನೊಂದು ಬಾಟಲಿ ತಂದು ಅದನ್ನೂ ಸರಿಮಾಡಿದೆ. ಇಷ್ಟು ನ್ಯಾಯವಾದ ಹಂಚಿಕೆಯನ್ನು ನಾನು ಸರಕಾರಿ ಸಂಬಳಕ್ಕೂ ಮಾಡಿಲ್ಲ.

ಬೆಳಿಗ್ಗೆ ನೋಡಿದರೆ ಇಬ್ಬರೂ ತಮ್ಮ ಗಾಲಿ, ಕಾಳು, ಹಾಸಿಗೆ ಎಲ್ಲ ಬಿಟ್ಟು ಜಾಳಿಗೆಗೆ ಮೂತಿ ಹಚ್ಚಿ ಹಲ್ಲು ಕಡಿಯುತ್ತ ನಿಂತಿದ್ದರು. ದೊಡ್ಡವ ಜಾಳಿಗೆಯ ಕಿಂಡಿಯಿಂದಲೇ ಸಣ್ಣವನ ಮೂಗು ಕಚ್ಚಿದ್ದ. ನಡುವಿನ ಜಾಗ ಇಷ್ಟು ಚೆನ್ನಾಗಿ ಗುರುತಿಸಿಕೊಟ್ಟ ಮೇಲೆ ಜಗಳಕ್ಕೆ ಎಲ್ಲಿ ಬರಬೇಕೆಂದು ಅವರು ಹುಡುಕಬೇಕಾಗಿಯೇ ಇರಲಿಲ್ಲ.

"ಅಪ್ಪಾ, ನೀವು ಜಗಳ ಬಿಡಿಸಿಲ್ಲ. ಜಗಳಕ್ಕ ಜಾಗಾ ಮಾಡಿಕೊಟ್ಟೀರಿ" ಎಂದಳು ಮಗಳು. ನನ್ನ ಇಲಾಖೆಯ ಕುರಿತು ಇಷ್ಟು ಚಿಕ್ಕ ವರದಿಯನ್ನು ಈವರೆಗೆ ಯಾರೂ ಬರೆದಿಲ್ಲ.

೩. ದನದ ದವಾಖಾನೆ

ಸಣ್ಣವನನ್ನು ಡಬ್ಬಿಯಲ್ಲಿಟ್ಟು ಪಶುವೈದ್ಯರ ಬಳಿಗೆ ಒಯ್ದೆ. ಸರತಿಯಲ್ಲಿ ನನ್ನ ಮುಂದೆ ಒಂದು ಎಮ್ಮೆ, ಪಕ್ಕದಲ್ಲಿ ಕಾಕತಿ ಕಡೆಯ ಒಬ್ಬ ಹಿರಿಯರು, ಅವರ ಆಡು. ಡಬ್ಬಿಯ ತೂತಿನಿಂದ ಅವರು ಇಣುಕಿ ನೋಡಿದರು.

"ಹಾಲ ಕೊಡತೈತೇನ್ರಿ?"

ಇಲ್ಲ ಎಂದೆ.

"ಮನಿ ಕಾಯತೈತಿ?"

ಅದೂ ಇಲ್ಲ ಎಂದೆ.

"ಮತ್ತೇನ ಮಾಡತೈತ್ರಿ?"

ಅಣ್ಣನ ಜೊತೆ ಜಗಳ ಮಾಡುತ್ತದೆ ಎಂದೆ. ಅವರು ತಮ್ಮ ಆಡನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡು, "ಅದಕ್ಕ ಪ್ರಾಣಿ ಯಾಕ ಸಾಕಬೇಕ್ರಿ. ಮನ್ಯಾಗ ಮಂದಿ ಇಲ್ಲೇನು?" ಎಂದರು.

ವೈದ್ಯರು ಎಮ್ಮೆಯ ಹೊಟ್ಟೆಯಿಂದ ಕೈ ತೆಗೆದು, ತೊಳೆದು, ಕನ್ನಡಕ ಬದಲಿಸಿ ಸಣ್ಣವನನ್ನು ನೋಡಿದರು. ಗಾಯ ತಾನೇ ಮಾಯುತ್ತದೆ, ಬೇರೆ ಪಂಜರ, ಬೇರೆ ಕೋಣೆ ಕೊಡಿ, ಇನ್ನು ಇಬ್ಬರನ್ನೂ ಒಂದುಗೂಡಿಸಲು ಹೋಗಬೇಡಿ, ಕೈಗೆತ್ತಿಕೊಳ್ಳಬೇಡಿ ಎಂದರು. ಕೊನೆಗೆ ಒಂದು ಮಾತು ಸೇರಿಸಿದರು: ಒಂದು ವಾರ ಮನೆಯಲ್ಲಿ ಗದ್ದಲ ಇರಬಾರದು. ಎಲ್ಲ ಔಷಧಿಯೂ ನಮ್ಮ ಊರಲ್ಲಿ ಸಿಗುತ್ತದೆ, ಅದೊಂದನ್ನು ಬಿಟ್ಟು.

೪. ಮಾತಾಡಿಸಲು ಬಂದವರು

ಸಣ್ಣವನಿಗೆ ಹಿಂದಿನ ಕೋಣೆಯಲ್ಲಿ ಹೊಸ ಪಂಜರವಾಯಿತು. ಅವನು ಅದರ ಮೂಲೆ ಹಿಡಿದು ಕೂತ. ಬಟ್ಟಲಿನ ಕಾಳು ಇಟ್ಟಂತೆಯೇ ಇತ್ತು; ಸೌತೆಕಾಯಿಯ ಅಂಚು ಮಾತ್ರ ಒಂದಿಷ್ಟು ಕೆರೆದಿತ್ತು. ಅವ್ವ ಅದನ್ನು ಊಟವೆಂದು ಒಪ್ಪಲಿಲ್ಲ.

"ಅವ ಉಂಡ ಮ್ಯಾಲ ನಾ ರೊಟ್ಟಿ ಮುರಿಯಾಕಿ" ಎಂದು ಹೇಳಿ ತಾಟು ಸರಿಸಿದಳು.

ಅವ್ವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಂಡು ಗುಳಿಗೆ ನುಂಗಬೇಕು. ಗುಳಿಗೆಗೆಂದು ಎರಡು ಚಮಚ ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅಷ್ಟೇ. ಹೀಗೆ ನಿಂಬೆಹಣ್ಣಿನಷ್ಟು ಪ್ರಾಣಿಯೊಂದರ ಹಸಿವಿನ ಮೇಲೆ ನನ್ನ ತಾಯಿಯ ಆರೋಗ್ಯ ನಿಂತಿತು.

ಅಷ್ಟರಲ್ಲಿ ಸುದ್ದಿ ಓಣಿಗೆ ಮುಟ್ಟಿತ್ತು. ಯಾರಿಗಾದರೂ ಪೆಟ್ಟಾದರೆ ಹೋಗಿ ಮಾತಾಡಿಸಿಕೊಂಡು ಬರುವುದು ನಮ್ಮಲ್ಲಿ ಪದ್ಧತಿ. ಪೆಟ್ಟಾದವನು ಮಾತಾಡುವವನೋ ಅಲ್ಲವೋ ಎಂದು ಪದ್ಧತಿ ಕೇಳುವುದಿಲ್ಲ. ಬಿಸ್ಕಿಟ್ ಪುಡಿಕೆ, ಎಳನೀರು ಹಿಡಿದು ಬಂದರು. ಪಂಜರದ ಮುಂದೆ ಕೂತು, ಹೀಗೆಯೇ ಊಟ ಬಿಟ್ಟು ತೀರಿಕೊಂಡವರ ಕತೆಗಳನ್ನು ಒಂದೊಂದಾಗಿ ಹೇಳಿದರು. ಖಾಸಬಾಗದಿಂದ ಬಂದ ಅವ್ವನ ಗೆಳತಿಯೊಬ್ಬರು ರೋಗಿಯನ್ನು ನೋಡಿ, "ಭಾಳ ಇಳದಾನ" ಎಂದರು. ಅವರು ಅವನನ್ನು ಮೊದಲು ನೋಡಿರಲೇ ಇಲ್ಲ.

ಬರಬೇಡಿ ಎನ್ನುವಂತಿಲ್ಲ. ಕಚೇರಿಯ ಬುದ್ಧಿ ಉಪಯೋಗಿಸಿ ಗೇಟಿಗೆ ಒಂದು ಹಲಗೆ ತೂಗುಹಾಕಿದೆ: "ಮೋಜಣಿ ಕೆಲಸ ನಡೆದಿದೆ. ಪ್ರವೇಶವಿಲ್ಲ." ಮಾತಾಡಿಸುವವರು ಬರುವುದು ನಿಂತಿತು. ಅರ್ಧ ಗಂಟೆಯಲ್ಲಿ ಎರಡೂ ಬಾಜುವಿನ ಮನೆಯವರು ತಮ್ಮ ತಮ್ಮ ಖರೀದಿ ಪತ್ರ ಹಿಡಿದು, ನಾನು ಯಾರ ಗೋಡೆ ಅಳೆಯುತ್ತಿದ್ದೇನೆ ಎಂದು ಕೇಳಲು ಬಂದರು.

೫. ರಾಜಿ

ಅವ್ವನ ತಮ್ಮ, ನಮ್ಮ ಸೋದರಮಾವ, ಖಾನಾಪುರದವರು. ಸುತ್ತಿನ ಹಳ್ಳಿಗಳಲ್ಲಿ ರಾಜಿ ಮಾಡಿಸುವುದಕ್ಕೆ ಪ್ರಸಿದ್ಧರು. ಮಾಮಾ ಮಾತನ್ನು ಮರಾಠಿಯಲ್ಲಿ ತೆಗೆದು ಕನ್ನಡದಲ್ಲಿ ಮುಗಿಸುತ್ತಾರೆ. ಎರಡೂ ಕಡೆಯವರಿಗೆ ಅರ್ಧರ್ಧ ತಿಳಿದು, ಉಳಿದರ್ಧ ತಮ್ಮ ಪರವಾಗಿಯೇ ಇರಬೇಕೆಂದು ಒಪ್ಪಿಬಿಡುತ್ತಾರೆ. ಅಕ್ಕ ಊಟ ಬಿಟ್ಟಿದ್ದಾಳೆಂದು ಕೇಳಿ ಅವರು ಬೆಳಿಗ್ಗೆಯ ಬಸ್ಸು ಹತ್ತಿದರು. ಅದೇ ಹೊತ್ತಿಗೆ ನಾನು ಹೊಲ ಅಳೆಯಲು ಖಾನಾಪುರದ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಎಲ್ಲೋ ನಮ್ಮ ಬಸ್ಸುಗಳು ಒಂದನ್ನೊಂದು ದಾಟಿರಬೇಕು.

ಮುಂದಿನದು ಹೆಂಡತಿ ಹೇಳಿದ್ದು. ಮನೆ ಒಡೆಯುವುದು ಸುಲಭ, ಕೂಡಿಸುವುದು ಕಷ್ಟ ಎಂದು ಮಾಮಾ ಅವಳಿಗೆ ಮೊದಲು ತಿಳಿವಳಿಕೆ ಹೇಳಿದರು. ಒಂದೇ ತಾಟಿನಲ್ಲಿ ಉಂಡವರು ಬೇರೆಯಾಗುವುದಿಲ್ಲ ಎಂಬುದು ಅವರ ಸಿದ್ಧಾಂತ. ವೈದ್ಯರು ಬೇಡವೆಂದಿದ್ದಾರೆ ಎಂದು ಅವಳು ಹೇಳಿದರೆ, ವೈದ್ಯರಿಗೆ ರಾಜಿಯ ಅನುಭವ ಎಷ್ಟಿದೆ ಎಂದು ಕೇಳಿದರಂತೆ. ರೊಟ್ಟಿ ಹಿಟ್ಟು ನಾದುವ ಪರಾತ ತರಿಸಿ, ನಡುವೆ ಒಂದು ಶೇಂಗಾ ಇಟ್ಟು, ಆ ಕಡೆ ದೊಡ್ಡವನನ್ನು, ಈ ಕಡೆ ಸಣ್ಣವನನ್ನು ಬಿಟ್ಟರು. ಗಂಟಲು ಸರಿಪಡಿಸಿಕೊಂಡು ಮರಾಠಿಯಲ್ಲಿ ಆರಂಭಿಸಿದರು. ಕನ್ನಡಕ್ಕೆ ಬರುವಷ್ಟರಲ್ಲಿ ದೊಡ್ಡವ ಎಗರಿದ. ಮಾಮಾ ನಡುವೆ ಕೈ ಹಾಕಿದರು. ಸಣ್ಣವ ಬದುಕಿಕೊಂಡ, ದೊಡ್ಡವನ ಹಲ್ಲು ಮಾಮಾನ ಹೆಬ್ಬೆರಳಿಗೆ ನಾಟಿತು.

ನಾನು ಸಂಜೆ ಬಂದಾಗ ಮಾಮಾ ಬೆರಳಿಗೆ ಪಟ್ಟಿ ಸುತ್ತಿಕೊಂಡು, ದೊಡ್ಡವನ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಹೊರಡಲು ಸಿದ್ಧರಾಗಿದ್ದರು. ಇವನು ಇನ್ನು ಮೇಲೆ ಖಾನಾಪುರದಲ್ಲಿ ಇರುತ್ತಾನಂತೆ. ಕಚ್ಚಿದವನನ್ನೇ ಯಾಕೆ ಒಯ್ಯುತ್ತೀರಿ ಎಂದು ಕೇಳಿದೆ.

"ಇಷ್ಟ ವರ್ಷದಾಗ ಎಲ್ಲಾರೂ ನನ್ನ ಮುಂದ ಹೂಂ ಅಂದು ಹಿಂದ ಬಡಿದಾಡ್ಯಾರ" ಎಂದರು ಮಾಮಾ. "ಮುಖದ ಮ್ಯಾಲ ಇಲ್ಲ ಅಂದಾವ ಇವ ಒಬ್ಬನ ನೋಡು."

೬. ಜೊತೆಗೆ ಕೂತವರು

ದೊಡ್ಡವ ಮರುದಿನವೇ ಖಾನಾಪುರದಲ್ಲಿ ಗಾಲಿ ತಿರುಗಿಸತೊಡಗಿದ ಸುದ್ದಿ ಬಂತು. ಗೆದ್ದವರು ಎಲ್ಲಿ ಹೋದರೂ ಉಣ್ಣುತ್ತಾರೆ. ಇಲ್ಲಿ ಸಣ್ಣವ ಮೂಲೆ ಬಿಡಲಿಲ್ಲ, ಅವ್ವ ಹಟ ಬಿಡಲಿಲ್ಲ. ಆ ದಿನ ಪೂಜೆ ಮುಗಿಸಿ ಎದ್ದವಳು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ನಾವು ಮೂವರೂ ಅದನ್ನು ನೋಡಿದೆವು.

ಫೋನಿನಲ್ಲಿ ಈ ಪ್ರಾಣಿಯ ಕುರಿತೇ ಓದುತ್ತಿದ್ದ ಮಗಳು ತಲೆಯೆತ್ತಿ, ಪಂಜರವನ್ನು ಎಷ್ಟು ಸಲ ತೊಳೆಯುತ್ತೀ ಆಯಿ ಎಂದು ಅಜ್ಜಿಯನ್ನು ಕೇಳಿದಳು.

"ದಿನಕ್ಕ ಎರಡ ಸಲ" ಎಂದಳು ಅವ್ವ, ಅಭಿಮಾನದಿಂದ. "ಬ್ಯಾನಿ ಬಿದ್ದವರ ಹಾಸಗಿ ಸ್ವಚ್ಛ ಇರಬೇಕಲ್ಲ."

ಈ ಪ್ರಾಣಿ ತನ್ನ ಮನೆಯನ್ನು ಗುರುತಿಸುವುದು ತನ್ನದೇ ವಾಸನೆಯಿಂದ, ತೊಳೆದಾಗಲೆಲ್ಲ ಅದಕ್ಕೆ ಅದು ಮತ್ತೆ ಯಾರದೋ ಮನೆಯಾಗುತ್ತದೆ ಎಂದು ಮಗಳು ವಿವರಿಸಿದಳು. ಅವ್ವ ನಂಬಲಿಲ್ಲ. ಹೊಲಸಿನಿಂದ ಯಾರಿಗಾದರೂ ಒಳ್ಳೆಯದಾದದ್ದನ್ನು ಅವಳು ಕಂಡಿಲ್ಲ. ಆಗ ನನ್ನ ಉದ್ಯೋಗ ಮೊದಲ ಸಲ ಮನೆಯ ಉಪಯೋಗಕ್ಕೆ ಬಂತು. ಹೊಲ ಯಾರ ಹೆಸರಿನಲ್ಲಿದೆ ಎಂದು ಹೇಳುವ ಕಾಗದಕ್ಕೆ ನಮ್ಮ ಕಡೆ ಉತಾರ ಎನ್ನುತ್ತಾರೆ.

"ಅವ್ವಾ, ಅದರ ವಾಸನಿನ ಅದರ ಉತಾರ" ಎಂದೆ. "ಅವ ತನ್ನ ಹೆಸರ ಹಚ್ಚತಾನ. ನೀ ದಿನಕ್ಕ ಎರಡ ಸಲ ತೆಗದ ಹಾಕತೀ."

ಅವ್ವ ಕೈಯಲ್ಲಿದ್ದ ಅರಿವೆಯನ್ನು ಕೆಳಗಿಟ್ಟಳು. ಉತಾರದಿಂದ ಹೆಸರು ತೆಗೆಯುವುದು ಎಂದರೇನೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. "ಮೊದಲ ಹೇಳಬಾರದೇನು? ನಾ ಅಂಥಾ ಕೆಲಸ ಮಾಡಾಕಿ ಅಲ್ಲ" ಎಂದಳು.

ಎರಡು ದಿನ ಪಂಜರ ತೊಳೆಯಲಿಲ್ಲ. ಊಟ ಬಿಡುವುದಕ್ಕಿಂತ ಇದು ಅವಳಿಗೆ ಕಠಿಣವಾಗಿತ್ತು. ಆ ಕೋಣೆ ದಾಟುವಾಗ ಮುಖ ಆಚೆ ತಿರುಗಿಸಿ ಹೋಗುತ್ತಿದ್ದಳು. ಎರಡನೆಯ ದಿನ ದೀಪ ಹಚ್ಚಿದ ಹೊತ್ತಿನಲ್ಲಿ ಸಣ್ಣವ ಮೂಲೆಯಿಂದ ಹೊರಬಂದ. ಅವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯ ತಾಟು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಳು, ನಾವು ಹಿಂದೆ. ಸಣ್ಣವ ನಾಲ್ಕೂ ಮೂಲೆ ಮೂಸಿ ನೋಡಿದ, ದಾಖಲೆ ಸರಿಯಾಗಿರುವಂತೆ ಕಂಡಿತು. ಬಟ್ಟಲಿಗೆ ಬಂದು ಕಾಳು ಒಂದೊಂದಾಗಿ ಬಾಯಿಗೆ ಹಾಕಿಕೊಂಡ. ಕೆನ್ನೆ ಎರಡೂ ಉಬ್ಬಿ ಮೈಯಷ್ಟೇ ಅಗಲವಾದವು. ಆಮೇಲೆ ತಿರುಗಿ ತನ್ನ ಗೂಡಿನೊಳಗೆ ಹೋದ.

ಉಂಡನಲ್ಲ, ಇನ್ನು ನೀವು ಉಣ್ಣಿರಿ ಎಂದಳು ಹೆಂಡತಿ.

"ಎಲ್ಲಿ ಉಂಡಾ? ಕಿಸೇದಾಗ ಹಾಕ್ಕೊಂಡ ಹೋದಾ" ಎಂದಳು ಅವ್ವ.

ಹ್ಯಾಮ್‌ಸ್ಟರ್‌ಗೆ ಕೆನ್ನೆಯಲ್ಲಿ ಚೀಲವಿರುತ್ತದೆ, ಮೊದಲು ತುಂಬಿಕೊಂಡು ಆಮೇಲೆ ತಿನ್ನುತ್ತದೆ ಎಂದು ಮಗಳು ಹೇಳಿದಳು. ಸಂತೆಯಿಂದ ಜೋಳ ತಂದ ಮಾತ್ರಕ್ಕೆ ಊಟವಾದಂತೆಯೇ ಎಂದು ಅವ್ವ ಕೇಳಿದಳು. ಕೊನೆಗೆ ನಾನೊಂದು ರಾಜಿಯ ದಾರಿ ಹುಡುಕಿದೆ: ಅವನು ಬಾಯಿಯವರೆಗೆ ಒಯ್ದಿದ್ದಾನೆ, ನೀನೂ ಬಾಯಿಯವರೆಗೆ ಒಯ್ಯಬಹುದು. ಅವ್ವ ಹಿಂದೆ ಮುಂದೆ ವಿಚಾರಿಸಿ ನೋಡಿದಳು, ತಪ್ಪು ಸಿಗಲಿಲ್ಲ. ರೊಟ್ಟಿ ಮುರಿದು, ಪಲ್ಯಕ್ಕೆ ಒತ್ತಿ, ಒಂದು ತುತ್ತು ಬಲಗೆನ್ನೆಗೆ, ಒಂದು ತುತ್ತು ಎಡಗೆನ್ನೆಗೆ ಇಟ್ಟು ಬಾಯಿ ಮುಚ್ಚಿದಳು. ಅಗಿಯಲಿಲ್ಲ.

ಅಷ್ಟರಲ್ಲಿ ಮಾಮಾ ಫೋನು ಮಾಡಿದರು. ಉಂಡನೇ ಎಂದು ಕೇಳಿದರು. ಅವ್ವ ಮೂಗಿನಿಂದ ಹೂಂ ಎಂದೂ ಅಲ್ಲದ, ಊಂಹೂಂ ಎಂದೂ ಅಲ್ಲದ ಒಂದು ಸದ್ದು ಮಾಡಿದಳು. ಜನ್ಮವೆಲ್ಲ ಎರಡೂ ಕಡೆಗೆ ಹೊಂದುವ ಮಾತು ಆಡಿದ ಮಾಮಾಗೆ ಮೊದಲ ಸಲ ಅಂಥ ಉತ್ತರ ತಿರುಗಿ ಬಂತು. ಗಾಬರಿಯಾಗಿ ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದರು.

ಆಗ ಸಣ್ಣವ ಗೂಡಿನಿಂದ ಮತ್ತೆ ಬಂದ. ಪಂಜರದ ಮುಂಭಾಗಕ್ಕೆ ಬಂದು ಹಿಂಗಾಲ ಮೇಲೆ ನಿಂತು ನೋಡಿದ. ಅವನ ಕೆನ್ನೆ ಉಬ್ಬಿದ್ದವು. ಅವ್ವನ ಕೆನ್ನೆಯೂ ಉಬ್ಬಿದ್ದವು. ಇಬ್ಬರೂ ಕದಲಲಿಲ್ಲ. ಇಷ್ಟು ದಿನ ಬಿಸ್ಕಿಟ್ ಹಿಡಿದವರನ್ನೂ ಟೇಪು ಹಿಡಿದವರನ್ನೂ ನೋಡಿ ಬೇಸತ್ತಿದ್ದವನಿಗೆ, ಈ ಮನೆಯಲ್ಲಿ ಊಟದ ರೀತಿ ಬಲ್ಲವರು ಒಬ್ಬರಾದರೂ ಇದ್ದಾರೆಂದು ಆಗ ತಿಳಿದಿರಬೇಕು. ಕೆನ್ನೆಯಿಂದ ಒಂದು ಸೂರ್ಯಕಾಂತಿ ಬೀಜ ಹೊರತೆಗೆದು, ಎರಡೂ ಕೈಯಲ್ಲಿ ಹಿಡಿದು, ಸಿಪ್ಪೆ ಒಡೆದು, ಕಟಕಟನೆ ತಿಂದ.

ಅವ್ವ ನುಂಗಿದಳು. ಅವನು ಇನ್ನೊಂದು ತೆಗೆದ, ಅವಳು ಇನ್ನೊಂದು ತುತ್ತು ಮುರಿದಳು. ಹೀಗೆ ಅವನ ಬೀಜ, ಅವಳ ಎರಡು ರೊಟ್ಟಿ ಒಟ್ಟಿಗೇ ಮುಗಿದವು. ಅವ್ವ ಕೈತೊಳೆದು, ಗುಳಿಗೆ ನುಂಗಿ, ನಮ್ಮೆಲ್ಲರ ಕಡೆ ತಿರುಗಿದಳು.

"ನೋಡ್ರಿ. ಜೋಡಿಗೆ ಒಬ್ಬರು ಕುಂತ್ರ ಹೆಂಗ ಉಂಡಾ."

ಇದು ಒಂಟಿಯಾಗಿಯೇ ಇರಬೇಕಾದ ಪ್ರಾಣಿ ಎಂದು ನಾಲ್ಕು ದಿನದಿಂದ ನಮಗೆಲ್ಲ ಓದಿ ಹೇಳುತ್ತಿದ್ದ ಮಗಳು ಫೋನನ್ನು ಸದ್ದಿಲ್ಲದೆ ಮಗುಚಿಟ್ಟಳು.