ಹಗುರ ಬ್ಯಾಟರಿಯೂ ಧಣಿಯ ಕುರ್ಚಿಯೂ

"ಬ್ಯಾಟರಿ ಎತ್ತಲಿಕ್ಕೆ ಆಗದವರಿಗೆ ಬ್ಯಾಟರಿ ವ್ಯಾಪಾರ ಆಗುವುದಿಲ್ಲ ಮಾರಾಯ್ತಿ."

ಹೀಗೆ ಹೇಳಿದವರು ನನ್ನ ಹಳೆಯ ಧಣಿ. ಬಿಜೈಯಲ್ಲಿ ಅವರ ಬ್ಯಾಟರಿ ಅಂಗಡಿ. ನಾನು ಅಲ್ಲಿ ಸೇರಿದ್ದು ನೆಲ ಗುಡಿಸುವ ಕೆಲಸಕ್ಕೆ, ಬಿಟ್ಟದ್ದು ಅರ್ಧ ಗಿರಾಕಿಗಳು ನನ್ನನ್ನೇ ಕೇಳಿಕೊಂಡು ಬರುವಂತಾದ ಮೇಲೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಂಗ್ಲಿಷ್ ಓದಲು ಕಲಿತದ್ದು ಬ್ಯಾಟರಿ ಪೆಟ್ಟಿಗೆಗಳ ಮೇಲಿನ ಅಕ್ಷರ ನೋಡಿ. ಹಾಗಾಗಿ ಆ ಭಾಷೆಯಲ್ಲಿ ನನಗೆ ಮೊದಲು ಬಂದ ವಾಕ್ಯ "ಮಕ್ಕಳ ಕೈಗೆ ಸಿಗದಂತೆ ಇಡಿ" ಎಂಬುದು.

ಸ್ವಂತ ಅಂಗಡಿ ಹಾಕುತ್ತೇನೆ ಎಂದ ದಿನ ಧಣಿ ತಮ್ಮ ಕುರ್ಚಿಯಲ್ಲಿ ಕೂತು ಹೊಟ್ಟೆ ಕುಲುಕಿಸಿ ನಕ್ಕರು. ಕೈಗಳಿದ್ದ ಸಾಗುವಾನಿ ಕುರ್ಚಿ ಅದು. ಒಂದು ಕಾಲು ಗಿಡ್ಡ. ಅದರ ಅಡಿಗೆ ಹಳೆಯ ಬ್ಯಾಟರಿಯಿಂದ ತೆಗೆದ ಸೀಸದ ತುಂಡೊಂದನ್ನು ಇಟ್ಟಿದ್ದರು. ಆ ಕುರ್ಚಿಯಲ್ಲಿ ಅವರ ಹೊರತು ಇನ್ನೊಬ್ಬರು ಕೂತದ್ದನ್ನು ನಾನು ಕಂಡದ್ದಿಲ್ಲ.

"ನೀನು ಒಂದು ಬ್ಯಾಟರಿಯನ್ನು ನಿನ್ನ ಕೈಯಾರೆ ಎತ್ತಿಕೊಂಡು ನನ್ನ ಮನೆಗೆ ತಂದ ದಿನ ಈ ಕುರ್ಚಿ ನಿನಗೆ" ಎಂದರು.

ಆಗಿನ ಬ್ಯಾಟರಿಯೆಂದರೆ ಸೀಸ ಮತ್ತು ಆಸಿಡ್ ತುಂಬಿದ ಪೆಟ್ಟಿಗೆ. ಎತ್ತಲಿಕ್ಕೆ ಇಬ್ಬರು ಗಂಡಸರು ಬೇಕು. ಉರ್ವದಲ್ಲಿ ಅಂಗಡಿ ತೆರೆದ ಹೊಸತರಲ್ಲಿ ಹಠಕ್ಕೆ ಬಿದ್ದು ಒಮ್ಮೆ ಎತ್ತಿ ನೋಡಿದೆ. ಬ್ಯಾಟರಿ ಏಳಲಿಲ್ಲ, ನನ್ನ ಸೊಂಟ ಕೂತಿತು. ಲೋಡಿನವರು ಬಂದ ದಿನ ವ್ಯಾಪಾರ, ಬಾರದ ದಿನ ನೊಣ ಹೊಡೆಯುವುದು. ಆಸಿಡ್ ಸಿಡಿದು ಸೀರೆಗಳೆಲ್ಲ ತೂತು. ಪಕ್ಕದ ಮನೆಯವಳು ಕಪಾಟಿಗೆ ನುಸಿಗುಳಿಗೆ ಹಾಕು ಎಂದು ಬುದ್ಧಿ ಹೇಳಿದ್ದಳು.

ಹೀಗಿರುವಾಗ ಲಿಥಿಯಂ ಬ್ಯಾಟರಿ ಬಂತು. ಮೊದಲ ಪೆಟ್ಟಿಗೆ ಬಿಚ್ಚಿದ ದಿನ ಇವತ್ತಿಗೂ ನೆನಪುಂಟು. ನೀರು ಹೊಯ್ಯುವುದು ಬೇಡ, ಆಸಿಡ್ ಇಲ್ಲ, ವಾಸನೆ ಇಲ್ಲ. ಮೈ ಗಟ್ಟಿ ಮಾಡಿಕೊಂಡು ಎತ್ತಿದೆ, ಅದು ಮಗುವಿನ ಹಾಗೆ ಸೊಂಟಕ್ಕೆ ಬಂದು ಕೂತಿತು! ಅಂಗಡಿಯ ಬಾಗಿಲು ಎಳೆದು, ಬ್ಯಾಟರಿ ಎತ್ತಿಕೊಂಡು ಒಳಗೇ ಮೂರು ಸುತ್ತು ಬಂದೆ. ಮರುದಿನವೇ ಎರಡು ಚಿನ್ನದ ಬಳೆ ಮಾರಿ ಅಂಗಡಿ ತುಂಬ ಲಿಥಿಯಂ ತರಿಸಿದೆ. ಹಳೆಯ ನಮೂನೆಯದ್ದು ಇನ್ನು ಮಾರುವುದಿಲ್ಲ ಎಂದು ಬೋರ್ಡೂ ಬರೆಸಿದೆ.

ಧಣಿ ಪೇಟೆಯಲ್ಲೆಲ್ಲ ಹೇಳಿದರಂತೆ: "ಮಳೆಗಾಲ ಮುಗಿಯುವುದರೊಳಗೆ ಅವಳ ಬಾಗಿಲು ಹಾಕುತ್ತದೆ." ಅವರ ಮಾತನ್ನು ಈ ಊರಿನ ಬ್ಯಾಟರಿಯವರು ದೈವದ ನುಡಿಯ ಹಾಗೆ ಕೇಳುತ್ತಾರೆ. ಹೀಗಾಗಿ ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಮಾರಬೇಕು, ಇಲ್ಲವೇ ಬಾಗಿಲು ಹಾಕಬೇಕು. ಮಾರಲು ಹೊರಟೆ. ಹೊರಟ ಮೇಲೆ ಆದ ಫಜೀತಿಗಳಿಗೆ ಇವತ್ತಿಗೂ ಕೊನೆಯಿಲ್ಲ. ಕೆಲವನ್ನು ಮಾತ್ರ ಹೇಳುತ್ತೇನೆ.

ತಕ್ಕಡಿಯ ಮೇಲೆ

ಮೊದಲ ಗಿರಾಕಿ, ಬಂದರಿನ ಕಡೆಯ ಒಬ್ಬ ಹಾಜಿಯವರು. ಒಣಮೀನಿನ ಸಗಟು ವ್ಯಾಪಾರ. ನದಿ ಬದಿಯ ಅವರ ಗೋದಾಮಿಗೆ ಕರೆಂಟಿನ ಕಂಬ ಇನ್ನೂ ಬಂದಿಲ್ಲ. ದೀಪ, ಫ್ಯಾನು ಎಲ್ಲ ಸೋಲಾರ್ ಮತ್ತು ಬ್ಯಾಟರಿಯ ಮೇಲೆಯೇ. ಜೀವಮಾನವಿಡೀ ತೂಕ ಮಾಡಿ ಮಾರಿದವರು ಅವರು. ನನ್ನ ಬ್ಯಾಟರಿಯನ್ನೂ ನೇರ ತಕ್ಕಡಿಗೆ ಇಟ್ಟರು.

"ತಂಗಿ, ಇದರಲ್ಲಿ ಮುಕ್ಕಾಲು ಭಾಗ ಕಡಿಮೆ ಉಂಟು."

"ಹಾಜಿಯವರೇ, ಇದು ಬರುವುದೇ ಹಾಗೆ."

"ಒಳಗೆ ಎಂತ ಉಂಟು? ಗೋಳಿಬಜೆಯಾ? ಮೇಲಿಂದ ದೊಡ್ಡದು, ಒಳಗೆ ಬರೀ ಗಾಳಿ?"

ನಾನು ಓದಿದ್ದನ್ನೆಲ್ಲ ಹೇಳಿದೆ. ಸೀಸ ಭಾರದ ಲೋಹ, ಲಿಥಿಯಂ ಹಗುರ, ಹಳೆಯದರಲ್ಲಿ ಅರ್ಧದಷ್ಟು ಬಳಸಿದರೆ ನಿಲ್ಲಿಸಬೇಕು, ಇದರಲ್ಲಿ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು ಎಂದೆಲ್ಲ. ಅವರು ತಲೆ ಆಡಿಸುತ್ತ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು. ಕೊನೆಗೆ ದುಬೈಯಲ್ಲಿರುವ ತಮ್ಮನಿಗೆ ಫೋನು ಹಚ್ಚಿದರು. ಅವನು ಅಲ್ಲಿಂದ, "ಅಣ್ಣ, ಇಲ್ಲಿ ಮರುಭೂಮಿಯ ನಡುವೆ ಟವರು ನಡೆಯುವುದೂ ಇದರಲ್ಲೇ" ಎಂದ ಮೇಲೆ, "ಆಯ್ತು, ಹಾಕಿ" ಎಂದರು.

ಹದಿನೈದು ದಿನ ಬಿಟ್ಟು ಹೋಗಿ ನೋಡಿದೆ. ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಹಾಜಿಯವರ ಮುಖದಲ್ಲಿ ನಗು. ಆದರೆ ಬ್ಯಾಟರಿಯ ಮೇಲೆ ಒಂದು ದೊಡ್ಡ ಕರಿಕಲ್ಲು ಕೂತಿತ್ತು.

"ಇದು ಎಂತಕ್ಕೆ ಹಾಜಿಯವರೇ?"

"ಹೊಳೆಬದಿ ತಂಗಿ. ಜೋರು ಗಾಳಿ ಬಂದರೆ ಹಾರಿಹೋಗುವುದು ಬೇಡ ಅಂತ."

ನೀರು ಬೇಡ, ಚಾ?

ದೇರೆಬೈಲಿನಲ್ಲಿ ಒಬ್ಬ ಅಮ್ಮ ಇದ್ದಾರೆ. ಅವರ ಮನೆಯ ಮೇಲಿನ ಮಹಡಿ ಪೂರ್ತಿ ಸೋಲಾರಿನಲ್ಲಿ ನಡೆಯುವುದು, ಕರೆಂಟಿನ ಲೈನಿಗೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಬ್ಯಾಟರಿ ಇದ್ದ ಕಾಲದಲ್ಲಿ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹೊಯ್ಯಲು ಆಗಾಗ ಹೋಗುತ್ತಿದ್ದೆ. ಲಿಥಿಯಂ ಹಾಕಿದ ಮೇಲೆ ನೀರಿನ ಕೆಲಸವೇ ಇಲ್ಲದ್ದರಿಂದ ಹೋಗುವುದನ್ನು ಬಿಟ್ಟೆ. ಒಂದು ದಿನ ಅವರ ಫೋನು.

"ಬ್ಯಾಟರಿಗೆ ನೀರು ಹೊಯ್ಯಲಿಕ್ಕೆ ಯಾಕೆ ಬರಲಿಲ್ಲ?"

"ಅಮ್ಮ, ಇದಕ್ಕೆ ನೀರು ಬೇಡ ಅಂತ ಹೇಳಿದ್ದೇನಲ್ಲ."

"ನೀರು ಬೇಡ ಅಂದರೆ? ಜೀವ ಇರುವ ವಸ್ತು ಅಲ್ವಾ ಅದು?"

"ಮುಚ್ಚಳವೇ ಇಲ್ಲ ಅಮ್ಮ. ಹೊಯ್ಯುವುದಾದರೂ ಎಲ್ಲಿಗೆ?"

ಎರಡು ದಿನ ಬಿಟ್ಟು ಮತ್ತೆ ಫೋನು. ಬ್ಯಾಟರಿಯಿಂದ ಏನೋ ಶಬ್ದ ಬರುತ್ತದಂತೆ. ಗಾಬರಿಯಾಗಿ ಸ್ಕೂಟರಿನಲ್ಲಿ ಓಡಿದೆ. ಮೊದಲೇ ಹೆಸರು ಹಾಳಾಗಲಿ ಎಂದು ಕಾಯುವವರು ಇದ್ದಾರೆ! ಬ್ಯಾಟರಿಗೆ ಕಿವಿ ಕೊಟ್ಟು ಕೇಳಿದೆ. ಶಬ್ದವೂ ಇಲ್ಲ, ಎಂತದ್ದೂ ಇಲ್ಲ. ತಿರುಗಿ ನೋಡಿದರೆ ಮೇಜಿನ ಮೇಲೆ ಬಿಸಿ ನೀರುದೋಸೆ, ತೆಂಗಿನಕಾಯಿ ಬೆಲ್ಲದ ಚೂರ್ಣ, ದೊಡ್ಡ ಲೋಟದಲ್ಲಿ ಚಾ. ಅಮ್ಮ ಎದುರಿನ ಕುರ್ಚಿ ಎಳೆದು ಕೂತಾಗಿತ್ತು.

"ಬ್ಯಾಟರಿಗೆ ನೀರು ಬೇಡದಿದ್ದರೆ ಬೇಡ. ನಿನಗೆ ಚಾ ಬೇಡವಾ? ಉರ್ವ ಮಾರ್ಕೆಟಿನ ಸುದ್ದಿ ನನಗೆ ಯಾರು ಹೇಳುವುದು? ಲಿಥಿಯಂ ಹೇಳುತ್ತದಾ?"

ಈಗಲೂ ಹೋಗುತ್ತೇನೆ. ಆ ಬ್ಯಾಟರಿಗೆ ಸರ್ವಿಸ್ ಬೇಡ ಎಂದು ಪುಸ್ತಕದಲ್ಲಿ ಬರೆದದ್ದು ನಿಜ. ಅಮ್ಮನ ವಿಷಯ ಪುಸ್ತಕದಲ್ಲಿ ಇಲ್ಲ.

ಮಂಕಾಗದ ದೀಪ

ನಮ್ಮ ನದಿಗಳ ನಡುವೆ ಸಣ್ಣ ದ್ವೀಪಗಳಿವೆ, ಕುದ್ರು ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿಗೆ ಲೈನು ಎನ್ನುವುದು ಹೆಸರಿಗೆ ಮಾತ್ರ. ಅಂಥ ಒಂದು ಕುದ್ರುವಿನಲ್ಲಿ ಒಬ್ಬ ಅಕ್ಕನ ಮನೆಗೆ ಲಿಥಿಯಂ ಹಾಕಿದೆ. ಅವರದ್ದು ಬ್ಯಾಟರಿಯಿಂದ ನೇರ ಬಲ್ಬಿಗೆ ಹೋಗುವ ಹಳೆಯ ಸೋಲಾರ್. ದೀಪ ಹತ್ತಿದ್ದೇ ಮನೆ ಮದುವೆ ಚಪ್ಪರದ ಹಾಗೆ ಬೆಳಗಿತು. ನನಗೆ ಕುಣಿಯುವಷ್ಟು ಖುಷಿ.

ವಾರ ಕಳೆಯುವುದರೊಳಗೆ ಅಕ್ಕ ಅಂಗಡಿಗೇ ಬಂದರು. ಮುಖ ದಪ್ಪ ಮಾಡಿಕೊಂಡಿದ್ದರು.

"ಇದು ಆಗುವುದಿಲ್ಲ. ನನ್ನ ಹಳೆಯ ಬ್ಯಾಟರಿ ವಾಪಸು ಕೊಡು."

"ಯಾಕೆ ಅಕ್ಕ, ದೀಪ ಹೋಯಿತಾ?"

"ಹೋಗುವುದಿಲ್ಲ! ಅದೇ ತೊಂದರೆ!"

ಸಂಗತಿ ಹೀಗೆ. ಅವರ ಗಂಡನ ದೋಸ್ತಿಗಳು ಸಂಜೆಯಾದರೆ ಇಸ್ಪೀಟಿಗೆ ಬಂದು ಕೂರುತ್ತಾರೆ. ಮೊದಲೆಲ್ಲ ಬ್ಯಾಟರಿ ಇಳಿಯುತ್ತ ಬಂದ ಹಾಗೆ ಬಲ್ಬು ಕೆಂಪಾಗುತ್ತಿತ್ತು. ರಾಜ ಯಾವುದು, ಗುಲಾಮ ಯಾವುದು ಕಾಣದಾದಾಗ, "ಹೊತ್ತಾಯ್ತು ಮಾರಾಯ" ಎಂದು ಒಬ್ಬೊಬ್ಬರೇ ಏಳುತ್ತಿದ್ದರು. ಲಿಥಿಯಂ ಹಾಗಲ್ಲ, ಕೊನೆಯವರೆಗೂ ಒಂದೇ ಬೆಳಕು.

"ಅವರು ಏಳುವುದೇ ಇಲ್ಲ ಮಾರಾಯ್ತಿ! ಮೊದಲು ಒಂದು ಸಲ ಚಾ ಮಾಡಿದರೆ ಆಗುತ್ತಿತ್ತು, ಈಗ ಊಟವೂ ನಮ್ಮಲ್ಲೇ!"

ಹಳೆಯದು ವಾಪಸು ಕೊಟ್ಟರೆ ಮರುದಿನವೇ ಧಣಿಯ ಕಿವಿಗೆ ಬೀಳುತ್ತದೆ. ಯೋಚನೆ ಮಾಡಿದೆ. ಮರುದಿನ ದೋಣಿ ಹತ್ತಿ ಹೋಗಿ, ಆ ಬಲ್ಬಿನಿಂದ ವಯರು ಎಳೆದು ಅಡುಗೆಮನೆಯಲ್ಲಿ, ಮಸಾಲೆ ಡಬ್ಬಗಳ ಹಿಂದೆ ಒಂದು ಸ್ವಿಚ್ಚು ಕೂರಿಸಿಕೊಟ್ಟೆ.

ಅಕ್ಕನ ಗಂಡ ಇವತ್ತಿಗೂ ನನಗೆ ಹೇಳುತ್ತಾರೆ: "ನಿನ್ನ ಬ್ಯಾಟರಿ ಭಾರೀ ಒಳ್ಳೆಯದು. ಆದರೆ ನನ್ನ ಕೈಗೆ ಒಳ್ಳೆಯ ಎಲೆ ಬಂದಾಗಲೇ ಹೋಗುತ್ತದೆ."

ದೋಣಿ ಸಮ ಆಗಬೇಕು

ಮಳೆಗಾಲ ಅರ್ಧ ಕಳೆದಿತ್ತು. ಅಲ್ಲೊಂದು ಇಲ್ಲೊಂದು ಮಾರಿದ್ದು ಬಿಟ್ಟರೆ ಅಂಗಡಿಯಲ್ಲಿ ಪೆಟ್ಟಿಗೆಗಳು ಹಾಗೆಯೇ ಕೂತಿದ್ದವು. ಆಗ ಒಂದು ದಿನ ಕುದ್ರುವಿಗೆ ದಾಟಿಸುವ ದೋಣಿಯವನ ಫೋನು ಬಂತು.

"ಅಕ್ಕ, ಕುದ್ರುವಿನಲ್ಲಿ ಒಬ್ಬರಿಗೆ ನಿಮ್ಮ ಆ ಹಗುರದ ಬ್ಯಾಟರಿ ಬೇಕಂತೆ. ಹೆಸರು ಹೇಳಬಾರದು ಅಂತ ಹೇಳಿದ್ದಾರೆ."

"ಹೆಸರಿಲ್ಲದೆ ಹೇಗೆ ಮಾರಾಯ?"

"ಹೆಸರು ಹೇಳುವುದಿಲ್ಲ. ಬಿಜೈಯಲ್ಲಿ ಅವರದ್ದೇ ಬ್ಯಾಟರಿ ಅಂಗಡಿ ಉಂಟು."

ಧಣಿ! ಅವರ ಮನೆ ಕುದ್ರುವಿನಲ್ಲೇ. ಅವರ ಹಳೆಯ ಬ್ಯಾಟರಿಗಳು ಸತ್ತಿದ್ದವು. ಅಂಥ ಭಾರದ್ದನ್ನು ಈ ನೀರಿನಲ್ಲಿ ದಾಟಿಸುವುದಿಲ್ಲ ಎಂದು ದೋಣಿಯವನು ಕೈ ಎತ್ತಿದ್ದ. ನನಗೆ ಒಂದು ಕಡೆ ನಗು, ಒಂದು ಕಡೆ ಹೆದರಿಕೆ. ಅವರು ಒಪ್ಪಿದರೆ ಊರು ಒಪ್ಪುತ್ತದೆ. ಅವರು ಮೂಗು ಮುರಿದರೆ ನನ್ನ ಬಳೆಗಳ ಕಥೆ ಅಲ್ಲಿಗೆ ಮುಗಿಯುತ್ತದೆ.

ಬ್ಯಾಟರಿ ತೆಗೆದುಕೊಂಡು ದೋಣಿ ಹತ್ತುವ ಕಡವಿಗೆ ಹೋದೆ. ಧಣಿ ಛತ್ರಿ ಹಿಡಿದು ದೋಣಿಯಲ್ಲಿ ಆಗಲೇ ಕೂತಿದ್ದರು. ನನ್ನನ್ನು ನೋಡಿ, "ಹೋ, ನಿನ್ನ ಅಂಗಡಿಯದ್ದಾ ಇದು? ನನಗೆ ಗೊತ್ತೇ ಇರಲಿಲ್ಲ" ಎಂದರು. ದೋಣಿಯವನು ಆಕಾಶ ನೋಡಿದ.

ಧಣಿಗೆ ಒಂದು ರೂಢಿ. ಬ್ಯಾಟರಿ ದೋಣಿಗೆ ಏರಿತೆಂದರೆ ಅದು ಒಂದು ಬದಿಗೆ, ಇನ್ನೊಂದು ಬದಿಗೆ ಅವರು ಮತ್ತು ಒಂದು ಮೂಟೆ ಕುಚ್ಚಲಕ್ಕಿ. ಭಾರಕ್ಕೆ ಭಾರ, ದೋಣಿ ಸಮ. ಆ ದಿನವೂ ಹಾಗೆಯೇ ಒಂದು ಬದಿಯ ಅಂಚಿನಲ್ಲಿ ಅಕ್ಕಿ ಮೂಟೆಯ ಜೊತೆ ಕೂತಿದ್ದರು.

"ಧಣಿ, ಇದಕ್ಕೆ ಅಷ್ಟು ಭಾರ ಇಲ್ಲ. ನೀವು ನಡುವಿಗೆ ಬನ್ನಿ."

"ಬ್ಯಾಟರಿಯ ತೂಕ ನೀನು ನನಗೆ ಹೇಳಿಕೊಡಬೇಡ. ಆ ಬದಿಗೆ ಇಡು."

ಇಟ್ಟೆ. ಪಕ್ಕದಲ್ಲಿ ನಾನೂ ಕೂತೆ. ಬ್ಯಾಟರಿಯಿಂದ ಅಲ್ಲ, ನನ್ನಿಂದ ದೋಣಿ ಹೇಗೋ ನಿಂತಿತು. ದಾರಿಯುದ್ದಕ್ಕೂ ಧಣಿ, "ನೋಡು, ಸಮ ಉಂಟಾ ಇಲ್ಲವಾ? ಇದು ಅನುಭವ" ಎನ್ನುತ್ತಿದ್ದರು. ಅವರ ಬದಿಗೆ ವಾಲಿದ್ದು ಅವರಿಗೆ ಕಾಣುತ್ತಿರಲಿಲ್ಲ, ಛತ್ರಿ ಅಡ್ಡ ಇತ್ತು.

ಕುದ್ರು ಬಂತು. ನಾನು ಎದ್ದು, ಬ್ಯಾಟರಿಯನ್ನು ಎಡ ಸೊಂಟಕ್ಕೆ ಏರಿಸಿ ಮೆಟ್ಟಿಲ ಮೇಲೆ ಕಾಲಿಟ್ಟೆ, ಅಷ್ಟೇ. ನನ್ನ ಬದಿ ಮೇಲೆ ಹೋಯಿತು, ಧಣಿಯ ಬದಿ ಕೆಳಗೆ ಹೋಯಿತು. ಧಣಿ ಒಂದು ಚೂರೂ ಅವಸರ ಇಲ್ಲದೆ, ಛತ್ರಿ ಸಮೇತ, ಜಾರುಬಂಡೆಯಲ್ಲಿ ಇಳಿಯುವ ಹಾಗೆ ನೀರಿಗೆ ಇಳಿದರು. ಹಿಂದೆಯೇ ಅಕ್ಕಿ ಮೂಟೆ. ನೀರು ಸೊಂಟದಷ್ಟೇ ಇತ್ತು, ಆದರೆ ಅಡಿಯಲ್ಲಿ ಕೆಸರು. ಕಾಲು ಕೀಳಲಾಗದೆ ನಿಂತುಬಿಟ್ಟರು.

"ಕೈ ಕೊಡು ಮಾರಾಯ್ತಿ! ಹಿಡಿ ನನ್ನನ್ನು!"

ಬಲಗೈ ಚಾಚಿದೆ.

"ಆ ಬ್ಯಾಟರಿ ಕೆಳಗಿಟ್ಟು ಎರಡೂ ಕೈ ಕೊಡು!"

"ಕೆಳಗೆ ನೀರುಂಟು ಧಣಿ. ಬ್ಯಾಟರಿ ಹಾಳಾದರೆ ನೀವೇ ಬೈಯುತ್ತೀರಿ."

ದೋಣಿಯವನಿಂದ ಸಹಾಯ ಸಿಗುವ ಹಾಗಿರಲಿಲ್ಲ. ಕೋಲು ಹಿಡಿದುಕೊಂಡು ಅವನು ನಗುತ್ತ ಕೂತೇಬಿಟ್ಟಿದ್ದ. ಹಲ್ಲು ಕಚ್ಚಿ ಎಳೆದೆ. ಒಂದು ಸೊಂಟದಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಧಣಿ. ಬುಳಕ್ಕೆಂದು ಕೆಸರು ಬಿಟ್ಟಿತು. ಹಾಗೆಯೇ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಅಂಗಳ ದಾಟಿಸಿ, ಮನೆಯ ಜಗಲಿಗೆ ಇಬ್ಬರನ್ನೂ ತಂದು ಕೂರಿಸಿದೆ.

ಧಣಿಯ ಹೆಂಡತಿ ಜಗಲಿಯ ಕಂಬ ಹಿಡಿದು ಎಲ್ಲ ನೋಡುತ್ತಿದ್ದರು. ಕುರ್ಚಿಯ ಪಂಥ ಅವರಿಗೂ ಗೊತ್ತಿತ್ತು. ಮೈ ಒರೆಸುವ ಬೈರಾಸು ತಂದು ಗಂಡನ ತಲೆಯ ಮೇಲೆ ಹಾಕಿ ಹೇಳಿದರು:

"ನೀವು ಹೇಳಿದ್ದು ಬ್ಯಾಟರಿ ಎತ್ತಿ ತಾ ಅಂತ ಮಾತ್ರ. ಅವಳು ಬ್ಯಾಟರಿಯನ್ನೂ ತಂದಳು, ನಿಮ್ಮನ್ನೂ ತಂದಳು."

ಬ್ಯಾಟರಿ ಕೂರಿಸಿದೆ, ವಯರು ಸೇರಿಸಿದೆ, ಫ್ಯಾನು ಹಾಕಿದೆ. ಅದು ಭರ್ರೆಂದು ತಿರುಗಿತು. ಧಣಿ ಒದ್ದೆ ಪಂಚೆಯಲ್ಲಿ ಅದರ ಎದುರು ಕೂತು, ಪಂಚೆ ಒಣಗುವವರೆಗೂ ಏಳಲಿಲ್ಲ. ಆಮೇಲೆ, "ಗಾಳಿ ಅಡ್ಡಿಯಿಲ್ಲ" ಎಂದರು. ಧಣಿಯ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿದ್ದಿಲ್ಲ. ಆ ಮಾತು ದೋಣಿಯವನ ಬಾಯಿಗೆ ಬಿದ್ದು ನನಗಿಂತ ಮೊದಲು ಪೇಟೆ ಮುಟ್ಟಿತು. ಮಳೆಗಾಲ ಮುಗಿಯುವುದರೊಳಗೆ ನನ್ನ ಪೆಟ್ಟಿಗೆಗಳೆಲ್ಲ ಖಾಲಿ. ಬಿಜೈಯ ಅಂಗಡಿಗೂ ಈಗ ಲಿಥಿಯಂ ಹೋಗುವುದು ನನ್ನಲ್ಲಿಂದಲೇ.

ಈಗ ನನ್ನದು ಅಂತ ಇರುವುದು ಉರ್ವದ ಅಂಗಡಿ, ಗೋಡೆ ತುಂಬ ಲಿಥಿಯಂ, ಒಂದು ಸ್ಕೂಟರು, ಮತ್ತು ಧಣಿ ರಿಕ್ಷಾದಲ್ಲಿ ಕಳಿಸಿಕೊಟ್ಟ ಸಾಗುವಾನಿ ಕುರ್ಚಿ. ಇಷ್ಟಕ್ಕೆ ನಾನು ತೆತ್ತದ್ದು ಎರಡು ಬಳೆ, ಮಳೆ ಬಂದರೆ ಹಿಡಿದುಕೊಳ್ಳುವ ಒಂದು ಸೊಂಟ, ಒಂದು ಕಪಾಟು ತೂತು ಸೀರೆ. ಕುರ್ಚಿಯ ಗಿಡ್ಡ ಕಾಲಿನ ಅಡಿಗೆ ಇಡಲು ಆ ಹಳೆಯ ತುಂಡನ್ನೂ ಧಣಿ ಕಾಗದದಲ್ಲಿ ಸುತ್ತಿ ಕಳಿಸಿದ್ದರು. ನನ್ನ ಅಂಗಡಿಯಲ್ಲಿ ಈಗ ಉಳಿದಿರುವ ಸೀಸ ಅದೊಂದೇ.