ಪೋಕರ್ ಪಂದ್ಯಕ್ಕೆ ನಾನು ತಯಾರಾದದ್ದು

ನನಗೆ ಯಾವ ಕೆಲಸವೂ ನೆಟ್ಟಗೆ ಮಾಡಲು ಬರುವುದಿಲ್ಲ. ಆದರೆ ಅದಕ್ಕೆ ತಯಾರಿ ಮಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಹುಬ್ಬಳ್ಳಿ-ಧಾರವಾಡ ಎರಡೂ ಊರು ಸೇರಿಸಿ ಹುಡುಕಿದರೂ ಸಿಗಲಾರರು. ಇಲಾಖೆಯ ಪರೀಕ್ಷೆಗೆ ಕೂತಾಗ ಏಳು ಪೆನ್ಸಿಲ್‌ಗಳನ್ನು ಒಂದೇ ಅಳತೆಗೆ ಚೂಪು ಮಾಡಿಕೊಂಡು ಹೋಗಿದ್ದೆ. ಮೂರು ಸಲ ನಪಾಸಾದೆ. ಮೂರು ಸಲವೂ ಪೆನ್ಸಿಲ್‌ಗಳ ಬಗ್ಗೆ ಯಾರೂ ದೂರಲಿಲ್ಲ. ಬೆಳಗಿನ ತಿರುಗಾಟಕ್ಕೆಂದು ಬೂಟು, ಕಿವಿ ಮುಚ್ಚುವ ಟೊಪ್ಪಿಗೆ, ಹೆಜ್ಜೆ ಎಣಿಸುವ ಗಡಿಯಾರ ಎಲ್ಲ ತಂದೆ. ಈಗ ಆ ಬೂಟು ಹಾಕಿಕೊಂಡು ನನ್ನ ಹೆಂಡತಿ ಶಾಂತಾ ಅಂಗಳ ತೊಳೆಯುತ್ತಾಳೆ. ಇಂಥ ನಾನು ಐವತ್ತೇಳನೆಯ ವಯಸ್ಸಿನಲ್ಲಿ, ಸಾವಿರಾರು ಜನ ಏಕಕಾಲಕ್ಕೆ ಆಡುವ ಒಂದು ಆನ್‌ಲೈನ್ ಪೋಕರ್ ಪಂದ್ಯಕ್ಕೆ ಆರು ವಾರ ತಯಾರಿ ಮಾಡಿದೆ. ಹಣವಿಟ್ಟು ಆಡುವ ಇಂಥ ಆಟಗಳಿಗೆ ಸರಕಾರ ಬಾಗಿಲು ಹಾಕುವುದಕ್ಕಿಂತ ಸ್ವಲ್ಪ ಮೊದಲಿನ ಮಾತು. ಹೇಳಿಕೊಳ್ಳುವಂಥ ಕಥೆಯಲ್ಲ. ಆದರೆ ಹೇಳದೆ ಇಟ್ಟುಕೊಂಡು ನೋಡಿದೆ, ಅದೂ ಸುಖವಾಗಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಕಾಲೇಜಿನ ಆಫೀಸಿನ ಲತಾ ಮೇಡಂ. ನಾನು ಅಲ್ಲಿ ಹಿರಿಯ ಗುಮಾಸ್ತ. ಅವರು ನನ್ನ ಎದುರಿನ ಟೇಬಲ್ಲಿನಲ್ಲಿ ಕೂತು ಪ್ರವೇಶದ ಅರ್ಜಿ ನೋಡುತ್ತಾರೆ. ಹಣೆಗೆ ದೊಡ್ಡ ಕುಂಕುಮ, ಕೈಯಲ್ಲಿ ಹಸಿರು ಬಳೆ, ಡಬ್ಬಿಯಲ್ಲಿ ರೊಟ್ಟಿ-ಝುಣಕ. ಊಟದ ಬಿಡುವಿನಲ್ಲಿ ಈ ಸಾಧ್ವಿ ಮೊಬೈಲಿನಲ್ಲಿ ಪೋಕರ್ ಆಡಿ ಯಾರ್ಯಾರನ್ನೋ ಸೋಲಿಸಿ, ಕೈ ತೊಳೆದುಕೊಂಡು ಬಂದು ಮತ್ತೆ ಅರ್ಜಿ ನೋಡುತ್ತಿದ್ದರು. "ನನಗೂ ಕಲಸ್ರಿ ಮೇಡಂ" ಎಂದು ಒಂದು ದಿನ ಕೇಳಿದೆ. ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿ, "ಬಿಡ್ರಿ ಸರ್, ಇದು ನಿಮ್ಮಿಂದ ಆಗೂದಲ್ಲ. ಇದಕ್ಕ ಸುಮ್ಮ ಕೂಡೂ ತಾಳ್ಮಿ ಬೇಕು. ನೀವು ಚಾ ಆರೂತನಾನೂ ಕಾಯೂದಿಲ್ಲ, ನಾಲಿಗಿ ಸುಟ್ಟಕೊಂತೀರಿ" ಎಂದರು. ಇಡೀ ಆಫೀಸು ನಕ್ಕಿತು. ಮೂವತ್ತು ವರ್ಷದ ನೌಕರಿಯಲ್ಲಿ ಆ ಆಫೀಸು ನಾನು ಹೇಳಿದ ಯಾವ ಹಾಸ್ಯಕ್ಕೂ ನಕ್ಕದ್ದಿಲ್ಲ. ಅಂದೇ ಸಂಜೆ ಆ ಆಟವನ್ನು ನನ್ನ ಮೊಬೈಲಿಗೆ ಇಳಿಸಿಕೊಂಡೆ. ಅದರಲ್ಲಿ ಪುಕ್ಕಟೆ ಆಡುವ ಸಣ್ಣ ಆಟಗಳಿದ್ದವು. ಅವುಗಳಲ್ಲಿ ಒಂದರಲ್ಲಿ ಮೊದಲು ಬಂದರೆ ದೊಡ್ಡ ಪಂದ್ಯಕ್ಕೆ ಪುಕ್ಕಟೆ ಪ್ರವೇಶ. ಹೇಗೋ ಏನೋ, ಎದುರಾಳಿಗಳೆಲ್ಲ ಊಟಕ್ಕೆ ಎದ್ದು ಹೋಗಿದ್ದರೋ ಏನೋ, ಒಂದರಲ್ಲಿ ಮೊದಲು ಬಂದುಬಿಟ್ಟೆ. ಪಂದ್ಯ ಆರು ವಾರಗಳ ಆಚೆಯ ಒಂದು ಭಾನುವಾರ ಮಧ್ಯಾಹ್ನ ಎರಡಕ್ಕೆ. ಆಫೀಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ನನ್ನ ಜೀವನದ ಉತ್ತಮ ದಿನಗಳಲ್ಲಿ ಅದೂ ಒಂದಾಗಿ ಉಳಿಯುತ್ತಿತ್ತು.

ಆಗ ನವನಗರದ ನಮ್ಮ ಮನೆಯಲ್ಲಿ ನನ್ನ ಅಣ್ಣನೂ ಇದ್ದ. ನನಗಿಂತ ಹತ್ತು ವರ್ಷ ದೊಡ್ಡವನು. ಮದುವೆಯಾಗದೆ, ಗರಗದಲ್ಲಿ ಖಾದಿ ನೇಯುತ್ತ ನಲವತ್ತು ವರ್ಷ ಕಳೆದವನು. ಅದಕ್ಕೆ ನಾಲ್ಕು ತಿಂಗಳ ಹಿಂದೆ ಮಗ್ಗದ ಮುಂದೆಯೇ ಲಕ್ವಾ ಹೊಡೆದು ಬಿದ್ದ. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಆಡಿದ್ದೆಲ್ಲ ತಿಳಿಯುತ್ತದೆ, ತಾನು ಆಡಲಾರ. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಕರೆತಂದೆವು. ವ್ಯಾಯಾಮ ಮಾಡಿಸಲು ಹುಬ್ಬಳ್ಳಿಯಿಂದ ಶಬಾನಾ ಎಂಬ ಹೆಣ್ಣುಮಗಳು ಸ್ಕೂಟಿಯ ಮೇಲೆ ವಾರಕ್ಕೆ ಮೂರು ಸಲ ಬರುತ್ತಿದ್ದಳು. ಅವಳು ಬಂದ ಕೂಡಲೇ ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದ. "ಕಾಕಾ, ಇಷ್ಟ ಬಟ್ಟ ಎತ್ರಿ, ಒಂದ ಬಟ್ಟ" ಎಂದು ತನ್ನ ಬೆರಳೆತ್ತಿ ತೋರಿಸುತ್ತ ಅವಳು ಅರ್ಧ ತಾಸು ಬೇಡಿಕೊಂಡು, ಗೋಡೆಗೆ ವ್ಯಾಯಾಮ ಹೇಳಿಕೊಟ್ಟವಳಂತೆ ದಣಿದು ಹೋಗುತ್ತಿದ್ದಳು. ಮನೆಯಲ್ಲಿ ನಾವು ಗಂಡಹೆಂಡತಿ ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಮಾತು ಕಳೆದುಕೊಂಡವನ ಮುಂದೆ ಜೋರಾಗಿ ಮಾತಾಡುವುದು ಉಪವಾಸದವನ ಮುಂದೆ ಉಂಡಂತೆ ಅನ್ನಿಸುತ್ತಿತ್ತು.

ನಾನು ಅಣ್ಣನ ಮುಂದೆ ಇಸ್ಪೀಟಿನ ಎಲೆ ಹಾಕಿದ್ದು ಅವನ ಮೇಲಿನ ಮಮತೆಯಿಂದ ಎಂದು ಬರೆಯಲು ನನ್ನ ಪೆನ್ನು ಬಹಳ ಆಸೆಪಡುತ್ತಿದೆ. ನಿಜವೆಂದರೆ ನನಗೊಬ್ಬ ಎದುರಾಳಿ ಬೇಕಾಗಿತ್ತು. ಶಾಂತಾಳನ್ನು ಕೇಳಿದ್ದೆ. "ಸಾಯೂ ವಯಸ್ಸಿನ್ಯಾಗ ಇಸ್ಪೀಟ ಕಲ್ಯಾಕ ನನಗ ಪುರಸೊತ್ತಿಲ್ಲ" ಎಂದಿದ್ದಳು. ಉಳಿದವನು ಅಣ್ಣ. ಪೋಕರಿನಲ್ಲಿ ಒಂದು ಅನುಕೂಲವಿದೆ: ಕೈಗೆ ಬರುವುದು ಎರಡೇ ಎಲೆ. ರಮ್ಮಿಯಂತೆ ಹದಿಮೂರು ಎಲೆ ಬೀಸಣಿಗೆಯ ಹಾಗೆ ಹಿಡಿಯಬೇಕಿಲ್ಲ. ಎರಡನ್ನು ಬೋರಲು ಇಟ್ಟು, ಹೆಬ್ಬೆರಳಿನಿಂದ ತುದಿ ಎತ್ತಿ ನೋಡಿದರೆ ಸಾಕು. ಇನ್ನೈದು ಎಲೆ ನಡುವೆ, ಎಲ್ಲರಿಗೂ ಸೇರಿದ್ದು. ನಿಮ್ಮ ಎಲೆ ಚೆನ್ನಾಗಿದ್ದರೆ ಪಣ ಏರಿಸಬೇಕು, ಕೆಟ್ಟದ್ದಿದ್ದರೆ ಕೈಬಿಡಬೇಕು, ಅಥವಾ ಕೆಟ್ಟದ್ದಿದ್ದರೂ ಚೆನ್ನಾಗಿದೆ ಎಂಬಂತೆ ಬಂಡಲ್ ಬಿಟ್ಟು ಏರಿಸಬೇಕು. ಶಾಂತಾಳ ಹೊಲಿಗೆ ಡಬ್ಬಿಯ ಗುಂಡಿಗಳೇ ನಮ್ಮ ಪಣ. ಮೊದಲ ದಿನ ಅಣ್ಣ ಗೋಡೆ ನೋಡುತ್ತಲೇ ಇದ್ದ. ನಾನೇ ಇಬ್ಬರ ಆಟವನ್ನೂ ಆಡಿದೆ. ಎರಡನೆಯ ದಿನ ಅವನ ಎಲೆಗಳನ್ನು ನಾನು ತಪ್ಪಾಗಿ ಎಸೆದಾಗ, ಅವನ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ನಲವತ್ತು ವರ್ಷ ಲಾಳಿ ಎಸೆದ ಕೈ. ಹಿಡಿತ ಹಾಗೆಯೇ ಇತ್ತು.

ಆ ಮೇಲಿನ ಐದು ವಾರ ಅಣ್ಣ ನನ್ನನ್ನು ಪ್ರತಿದಿನ ಸೋಲಿಸಿದ. ಆಡುತ್ತೇನೆ ಎನ್ನುವುದಕ್ಕೆ ಬೆರಳಗೆಣ್ಣಿನಿಂದ ಮಂಚದ ಹಲಗೆಗೆ ಒಂದು ಸಲ ಕುಟ್ಟುತ್ತಿದ್ದ. ಬೇಡವೆನ್ನುವುದಕ್ಕೆ ಎಲೆಗಳನ್ನು ನನ್ನತ್ತ ತಳ್ಳುತ್ತಿದ್ದ. ನಾನು ಬಂಡಲ್ ಬಿಟ್ಟಾಗಲೆಲ್ಲ ಟಕ್ ಎಂದು ಕುಟ್ಟಿ ನನ್ನ ಗುಂಡಿಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದ. ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ. ನಾನು ಮುಖಕ್ಕೆ ಟವೆಲ್ಲು ಹೊದ್ದು ಆಡಿದರೂ ಗೊತ್ತಾಗುತ್ತಿತ್ತು. ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಎಲೆಗಳನ್ನು ಒಂದೇ ಕೈಯಲ್ಲಿ ಕಲೆಸಿಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಶಬಾನಾ ಇದನ್ನು ನೋಡಿ, "ನಾ ಮೂರ ತಿಂಗಳ ಬಡಕೊಂಡೆ, ನೀವು ಗುಂಡಿ ತೋರಿಸಿ ಎಬ್ಬಿಸಿದ್ರಿ ನೋಡ್ರಿ! ಬಿಡಬ್ಯಾಡ್ರಿ, ದಿನಾ ಆಡ್ರಿ" ಎಂದಳು. ಶಾಂತಾ ಅಡುಗೆಮನೆಯಲ್ಲಿ ಜೋರಾಗಿ ಮಾತಾಡತೊಡಗಿದಳು. ಮನೆಯಲ್ಲಿ ಎಲ್ಲರಿಗೂ ಸಂತೋಷ. ನನಗೆ ಮಾತ್ರ ಒಳಗೊಳಗೇ ಒಂದು ಕಸಿವಿಸಿ. ತಯಾರಿ ಮಾಡುತ್ತಿದ್ದವನು ನಾನು, ತಯಾರಾಗುತ್ತಿದ್ದವನು ಅವನು. ಆಫೀಸಿನಲ್ಲಿ ಬಾಯಿತಪ್ಪಿ ಹೇಳಿದ್ದಕ್ಕೆ ಲತಾ ಮೇಡಂ, "ಹಂಗಾರ ಪಂದ್ಯದ ದಿನ ನಿಮ್ಮ ಅಣ್ಣಾರನ್ನ ಬಾಜೂ ಕೂಡಸ್ಕೊಳ್ರಿ ಸರ್, ಛಲೋ ಆಕ್ಕೈತಿ. ನೀವು ಬರೇ ಬಟನ್ ಒತ್ರಿ" ಎಂದರು. ಮನೆಗೆ ಬಂದು ಅಣ್ಣನಿಗೆ ಹೇಳಿದೆ: "ಐತವಾರ ಇಬ್ಬರೂ ಕೂಡೇ ಆಡೂಣು." ಅಣ್ಣ ಹಲಗೆಗೆ ಕುಟ್ಟಿದ. ಒಂದಲ್ಲ, ಎರಡು ಸಲ.

ಆ ವಾರ ನನ್ನ ತಯಾರಿ ಶಿಖರ ಮುಟ್ಟಿತು. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ತಂದೆ. ಇಂಟರ್ನೆಟ್ ಹೋದರೆ ಇರಲಿ ಎಂದು ಎರಡನೆಯ ಸಿಮ್ ತಂದೆ. ಹಿತ್ತಲ ಕೋಣೆಯಲ್ಲಿ ಕುರ್ಚಿಯ ಎತ್ತರ ಸರಿಮಾಡಲು ಕಾಲುಗಳ ಕೆಳಗೆ ಹಳೆಯ ಪಠ್ಯಪುಸ್ತಕ ಇಟ್ಟೆ. ಎರಡರಿಂದ ಆರರವರೆಗೆ ಮಿಕ್ಸಿ ತಿರುವಬಾರದು, ಕುಕ್ಕರ್ ಇಡಬಾರದು ಎಂದು ಶಾಂತಾಳಿಗೆ ತಾಕೀತು ಮಾಡಿದೆ. "ನಳಾ ಬಂದ್ರ?" ಎಂದಳು. ನಮ್ಮಲ್ಲಿ ನಲ್ಲಿ ನೀರು ಬರುವುದು ಬೀಗರು ಬಂದ ಹಾಗೆ, ಯಾವಾಗಲೋ ಒಮ್ಮೆ, ಹೇಳದೆ ಕೇಳದೆ. "ಸದ್ದಾಗದಂಗ ತುಂಬು" ಎಂದೆ.

ಭಾನುವಾರ ಬಂತು. ಶಾಂತಾ ಅಣ್ಣನಿಗೆ ಎಣ್ಣೆ ಹಚ್ಚಿ ಎರೆದು, ಅವನೇ ನೇಯ್ದ ಬಟ್ಟೆಯ ಅಂಗಿ ಇಸ್ತ್ರಿ ಮಾಡಿ ತೊಡಿಸಿ, ಗಾಲಿ ಕುರ್ಚಿಯಲ್ಲಿ ಕೂಡಿಸಿದ್ದಳು. ಅವನು ಹನ್ನೆರಡಕ್ಕೇ ಹಿತ್ತಲ ಕೋಣೆಯ ಬಾಗಿಲಲ್ಲಿ ತಯಾರಾಗಿದ್ದ. ಎರಡಕ್ಕೆ ಹತ್ತು ನಿಮಿಷವಿದ್ದಾಗ ನಾನು ಹೊರಗೆ ಬಂದು, "ಅಣ್ಣಾ, ಒಳಗ ಭಾಳ ಸೆಖಿ. ಇಬ್ಬರು ಕೂತ್ರ ನೆಟ್‌ವರ್ಕೂ ಸರಿ ಸಿಗವಲ್ದು. ಆಮ್ಯಾಲೆ ಕರೀತೇನಿ" ಎಂದೆ. ಇಬ್ಬರು ಕೂತರೆ ನೆಟ್‌ವರ್ಕ್ ಕಡಿಮೆಯಾಗುತ್ತದೆಂದು ಯಾವ ವಿಜ್ಞಾನವೂ ಹೇಳಿಲ್ಲ. ಅಣ್ಣ ನನ್ನನ್ನೇ ನೋಡಿದ. ಶಾಂತಾಳೂ ನೋಡಿದಳು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

ಪಂದ್ಯ ಶುರುವಾಯಿತು. ಮೊದಲ ಹತ್ತು ನಿಮಿಷ ತಾಳ್ಮೆಯಿಂದ ಕೈಬಿಡುತ್ತಲೇ ಇದ್ದೆ. ಹೊರಗೆ ಗಾಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಬಾಗಿಲಿಗೆ ಟಕ್ ಎಂದು ಒಂದು ಸಲ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಸಿಟ್ಟು ಬಂತು. ನನ್ನ ಕೈಯಲ್ಲಿ ಏಳು ಮತ್ತು ಮೂರು, ಯಾವ ಕೆಲಸಕ್ಕೂ ಬಾರದ ಎಲೆಗಳು. ಎದುರಿಗೆ ಗಿಳಿಯ ಚಿತ್ರ ಹಾಕಿಕೊಂಡಿದ್ದ ಯಾರೋ ಪಣ ಏರಿಸಿದ್ದರು. ಇಲ್ಲಿ ನನ್ನನ್ನು ಯಾರು ನೋಡುತ್ತಾರೆ ಎಂದುಕೊಂಡು ಇದ್ದದ್ದೆಲ್ಲ ಮುಂದೆ ತಳ್ಳಿದೆ. ಗಿಳಿ ಒಂದು ಕ್ಷಣವೂ ಯೋಚಿಸಲಿಲ್ಲ. ಅದರ ಬಳಿ ಎರಡು ಒಂಬತ್ತು ಇದ್ದವು. ನಿಮ್ಮ ಆಟ ಮುಗಿಯಿತು, ಧನ್ಯವಾದ, ಎಂದು ಪರದೆ ಹೇಳಿತು. ಗೋಡೆ ಗಡಿಯಾರ ನೋಡಿದೆ. ಎರಡು ಗಂಟೆ ಹದಿನೆಂಟು.

ಆರು ವಾರದ ತಯಾರಿಗೆ ಹದಿನೆಂಟು ನಿಮಿಷ. ಹೊರಗೆ ಹೋಗುವುದು ಹೇಗೆ? ಆಫೀಸಿನವರೆಲ್ಲ ಮೊಬೈಲು ಹಿಡಿದು ಕಾಯುತ್ತಿದ್ದಾರೆ. ಕತ್ತಲಾದ ಪರದೆಯ ಮುಂದೆ ಹಾಗೆಯೇ ಕೂತೆ. ಮೂರಕ್ಕೆ ನಳ ಬಂತು. ಶಾಂತಾ ಸದ್ದಾಗದಂತೆ ಕೊಡ ಎತ್ತಿ ಎತ್ತಿ ಒಬ್ಬಳೇ ಟಾಕಿ ತುಂಬಿದಳು. ಅವಳ ಏದುಸಿರು ಕಿಟಕಿಯಲ್ಲಿ ಕೇಳುತ್ತಿತ್ತು. ನಾನು ಎದ್ದು ಹೋಗಲಿಲ್ಲ. ಆಡುತ್ತಿದ್ದೇನಲ್ಲ. ಬಾಗಿಲಿನ ಟಕ್ ಸದ್ದು ಮೊದಲು ಐದೈದು ನಿಮಿಷಕ್ಕೆ ಬರುತ್ತಿತ್ತು, ಆಮೇಲೆ ಹತ್ತಕ್ಕೆ, ಆಮೇಲೆ ನಿಂತಿತು. ಬ್ಯಾಟರಿಯ ಪೆಟ್ಟಿಗೆಯ ಮೇಲಿದ್ದ ಸೂಚನೆಗಳನ್ನು ಮೂರು ಭಾಷೆಯಲ್ಲಿ ಓದಿ ಮುಗಿಸಿದೆ. ಐದೂವರೆಗೆ, ಇಷ್ಟು ಸಾಕು, ಮರ್ಯಾದೆಯ ಸೋಲಿಗೆ ಇಷ್ಟು ಹೊತ್ತು ಹಿಡಿಯುತ್ತದೆ ಎನ್ನಿಸಿದ ಮೇಲೆ, ಕೂದಲು ಕೆದರಿಕೊಂಡು, ದಣಿದ ಮುಖ ಮಾಡಿಕೊಂಡು ಚಿಲಕ ತೆಗೆದೆ.

ಅಣ್ಣ ಬಾಗಿಲ ಎದುರಿಗೇ ಇದ್ದ. ಸ್ಟೂಲಿನ ಮೇಲೆ ಎರಡೆರಡು ಎಲೆ ಹಂಚಿಟ್ಟಿದ್ದ, ಎರಡು ಕಡೆಗೆ. ಇಸ್ತ್ರಿಯ ಅಂಗಿ ಮುದುಡಿತ್ತು. ಶಾಂತಾ ಒದ್ದೆ ಸೆರಗಿನಲ್ಲಿ ಬಂದು, "ಏನಾತ್ರಿ?" ಎಂದಳು.

"ಭಾರಿ ಟಕ್ಕರ್ ಕೊಟ್ಟೆ" ಎಂದೆ. "ಕಡೀ ನೂರ ಮಂದಿಯೊಳಗ ಬಂದಿದ್ದೆ. ಇನ್ನ ಸ್ವಲ್ಪದಾಗ ತಪ್ಪಿತು."

"ಸುಳ್ಳ."

ಶಾಂತಾಳ ಬಾಯಿ ಮುಚ್ಚಿತ್ತು. ಮಾತು ಬಂದದ್ದು ಕೆಳಗಿನಿಂದ, ಗಾಲಿ ಕುರ್ಚಿಯಿಂದ. ಒಡಕು ದನಿ, ಆದರೆ ಅಕ್ಷರ ಸ್ಪಷ್ಟವಾಗಿತ್ತು. ಶಾಂತಾ ಅವನ ಮುಂದೆ ಕೂತು, "ಏನಂದ್ರಿ ಭಾವಾ? ಇನ್ನೊಮ್ಮೆ ಅನ್ರಿ" ಎಂದಳು. ಅಣ್ಣ ನನ್ನನ್ನು ನೋಡುತ್ತ ಇನ್ನೊಮ್ಮೆ ಅಂದ: "ಸುಳ್ಳ." ಅವಳು ಅಳುತ್ತ ನಗುತ್ತ ಓಣಿಗೆಲ್ಲ ಕೇಳುವಂತೆ ಕೂಗಿದಳು. ನೆರೆಯವರು ಬಂದರು. ಶಬಾನಾಗೆ ಫೋನು ಹೋಯಿತು. ಬಂದವರೆಲ್ಲ, ಐದು ತಿಂಗಳ ಮೇಲೆ ಮೊದಲ ಮಾತೇನು, ಯಾವ ಮಾತಿಗೆ ಅಂದರು ಎಂದು ಕೇಳುವವರೇ. ಶಾಂತಾ ಎಲ್ಲರಿಗೂ ಮೊದಲಿನಿಂದ ವಿವರಿಸುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಸಕ್ಕರೆ ಹಂಚುತ್ತಿದ್ದೆ. ಸೋಮವಾರ ಆಫೀಸಿನಲ್ಲಿ ನಾನೇ ಹೇಳಿದೆ, ಹದಿನೆಂಟು ನಿಮಿಷ ಎಂದು. ಲತಾ ಮೇಡಂ ನಗಲಿಲ್ಲ. ತಮ್ಮ ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ನನ್ನ ಮುಂದಿಟ್ಟರು. ನಕ್ಕಿದ್ದರೆ ಚೆನ್ನಾಗಿತ್ತು.

ಆದರೆ ಆ ಒಂದು ಮಾತಿನ ಹಿಂದೆ ಇನ್ನೊಂದು ಬರಲಿಲ್ಲ. ನೀರು, ಊಟ, ಹೆಸರು, ಯಾವುದೂ ಇಲ್ಲ. ಶಬಾನಾ ಯೋಚಿಸಿ, "ಬಂದ ಶಬ್ದಾನ ಗಟ್ಟಿ ಹಿಡಕೋಬೇಕ್ರಿ ಸರ್. ದಿನಾ ಅವರ ಮುಂದ ಕೂತು ಸುಳ್ಳ ಹೇಳ್ರಿ, ಅವರು ಅನ್ಲಿ" ಎಂದಳು. ವೈದ್ಯಕೀಯ ಕಾರಣಕ್ಕಾಗಿ ದಿನಾ ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎಲೆ ಹಂಚುತ್ತ ಹೇಳುತ್ತಿದ್ದೆ. "ಅಣ್ಣಾ, ಇವತ್ತ ಆಫೀಸಿನ್ಯಾಗ ನನಗ ಹಾರಾ ಹಾಕಿದ್ರು." ಸುಳ್ಳ. "ನಾಳೆಯಿಂದ ವಾಕಿಂಗ್ ಹೊಕ್ಕೇನಿ." ಸುಳ್ಳ. "ಶಾಂತಾನ ಕೈಯಾನ ಪಲ್ಲೆ ಇವತ್ತ ಭಾರಿ ಆಗಿತ್ತು." ಸುಳ್ಳ. ಒಳಗಿನಿಂದ ಸೌಟು ಕುಕ್ಕಿದ ಸದ್ದು. ಎರಡು ತಿಂಗಳು ಹೀಗೇ ನಡೆಯಿತು. ಅಣ್ಣನ ಮುಖ ಇನ್ನಷ್ಟು ಬತ್ತಿತು. ಕುಟ್ಟುವ ಸದ್ದೂ ಮೆತ್ತಗಾಗುತ್ತ ಬಂತು. ಆ ಒಂದು ಶಬ್ದ ಮಾತ್ರ ಉಳಿದಿತ್ತು, ಕೇಳಿದಾಗಲೆಲ್ಲ ಬರುತ್ತಿತ್ತು.

ಮೊನ್ನೆ ಒಂದು ಸಂಜೆ ಹೇಳಲು ಏನೂ ಇರಲಿಲ್ಲ. ಎಲೆ ಕಲೆಸುತ್ತ ಕೂತಿದ್ದೆ. ಯಾಕೋ ಬಾಯಿಗೆ ಬಂದುಬಿಟ್ಟಿತು: "ಅಣ್ಣಾ, ಅವತ್ತ ಬಾಗಲಾ ಹಾಕ್ಕೊಂಡಿದ್ದು ಸೆಖಿ ಸಲುವಾಗಿ ಅಲ್ಲ. ನೀ ಬಾಜೂ ಕೂತ್ರ, ಗೆದ್ದದ್ದು ನಿನ್ನಿಂದ ಅಂತಾರ ಅಂತ ಹಾಕ್ಕೊಂಡೆ."

ಹೇಳಿ ಅವನ ತುಟಿ ನೋಡುತ್ತ ಕೂತೆ. ದಿನಾ ಬರುವ ಆ ಮಾತು ಅಂದೂ ಬರಲಿ ಎಂದು, ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾಯದಷ್ಟು ಕಾದೆ. ಅಣ್ಣ ನನ್ನನ್ನು ನೋಡಿದ, ಕೆಳಗೆ ಬಿದ್ದಿದ್ದ ಒಂದು ಎಲೆಯನ್ನು ಎಡಗೈಯಿಂದ ಎತ್ತಿ ಕಟ್ಟಿನಲ್ಲಿ ಸೇರಿಸಿದ.

ಒಳಗಿನಿಂದ ಶಾಂತಾ ಕೂಗಿದಳು: "ಯಾಕ, ಇವತ್ತ ಭಾವಾ ಅನ್ನವಲ್ರಲ್ಲ? ಮತ್ತೊಂದ ಹೇಳ್ರಿ."

ಮತ್ತೊಂದು ನನಗೆ ಹೊಳೆಯಲಿಲ್ಲ.