ಕಿವಿರಾಯ ಕ್ಯಾಮೆರಾ ಆರಿಸಿದ್ದು

ಐದನೇ ಮಹಡಿಯಲ್ಲಿ ಮನೆ. ಕಸುಬು ಲಿಫ್ಟ್ ರಿಪೇರಿ. ಕಟ್ಟಡದ ಲಿಫ್ಟೋ, ಸ್ವಂತ ಕೈಯಾರೆ ಗ್ರೀಸು ತಿನ್ನಿಸಿ ಸಾಕಿದ್ದು. ಇಷ್ಟೆಲ್ಲ ಇದ್ದೂ ಒಬ್ಬ ಮನುಷ್ಯ ಮೂರು ವಾರದಿಂದ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾನೆ ಎಂದರೆ, ಅವನ ಮಾನಕ್ಕೆ ಏನೋ ಕೆಟ್ಟದ್ದು ಆಗಿದೆ ಎಂದೇ ತಿಳಿಯಬೇಕು. ಲಿಫ್ಟಿನೊಳಗೆ ಎದುರು ಮನೆಯ ನರ್ಸಮ್ಮ ಸಿಕ್ಕಿಬಿಟ್ಟರೆ? ಅಷ್ಟು ಸಣ್ಣ ಡಬ್ಬಿಯಲ್ಲಿ ಮುಖವನ್ನು ಎಲ್ಲಿ ಇಟ್ಟುಕೊಳ್ಳುವುದು? ಅದಕ್ಕೇ ಮೆಟ್ಟಿಲು.

ಇವನಿಗೆ ಕಂಪನಿಯಲ್ಲಿ ಇಟ್ಟ ಹೆಸರು ಕಿವಿರಾಯ. ಮೋಟಾರು ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಎಡಗಡೆ ಬೇರಿಂಗು ಅಳ್ತಾ ಇದೆ" ಎಂದನೆಂದರೆ ಅದು ಅಳುತ್ತಲೇ ಇರುತ್ತಿತ್ತು. ಅವನ ಸಿದ್ಧಾಂತಗಳು ಎರಡೇ. ಒಂದು, ಯಂತ್ರವನ್ನು ನೋಡಬೇಡ, ಕೇಳು. ಎರಡು, ಖಾಲಿ ಲಿಫ್ಟುಗಳೆಲ್ಲ ಚೆನ್ನಾಗಿಯೇ ಓಡುತ್ತವೆ, ಮರಳಿನ ಚೀಲ ಹೇರಿ ಆಮೇಲೆ ಕೇಳು. ಈ ಎರಡು ಸಿದ್ಧಾಂತಗಳ ಬಲದಿಂದ ಇಪ್ಪತ್ತೆಂಟು ವರ್ಷ ತಲೆ ಎತ್ತಿ ಬದುಕಿದವನು ಅವನು. (ಹೆಂಡತಿ ಅಡುಗೆಮನೆಯಿಂದ ಕರೆದದ್ದು ಮಾತ್ರ ಈ ದಿವ್ಯ ಕಿವಿಗೆ ಒಂದು ದಿನವೂ ಬಿದ್ದದ್ದಿಲ್ಲ. ಅವಳಿಗೆ ಬೇರಿಂಗು ಇಲ್ಲದ್ದೇ ಕಾರಣವಿರಬೇಕು.)

ಮನೆಯಲ್ಲಿ ಇನ್ನೊಂದು ಜೊತೆ ಕಿವಿಗಳಿದ್ದವು, ಅತ್ತೆಯವರದು. ಅವುಗಳಲ್ಲಿ ಬಲಗಿವಿ ಹೋಗಿ ವರ್ಷಗಳೇ ಆಗಿದ್ದವು. ಎಡಗಿವಿಯೂ ಗಂಟುಮೂಟೆ ಕಟ್ಟುತ್ತಿದೆ ಎಂದು ಕಿವಿಯ ಡಾಕ್ಟರು ಈ ವರ್ಷ ಹೇಳಿಬಿಟ್ಟರು. "ಇನ್ನೊಂದು ವರ್ಷ, ಜಾಸ್ತಿ ಅಂದ್ರೆ ಒಂದೂವರೆ. ಕೇಳೋದೆಲ್ಲ ಈಗಲೇ ಕೇಳಿಬಿಡಿ ಅಮ್ಮ." ಅತ್ತೆಯವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಗಳಿಗೆ ಹೇಳಿದ್ದು ಒಂದೇ ಮಾತು: "ನನಗೆ ನಿಮ್ಮಪ್ಪನ ದನಿ ಕೇಳಿಸೇ."

ಮಾವನವರು ದರ್ಜಿ. ತೀರಿಕೊಂಡು ಹನ್ನೆರಡು ವರ್ಷ. ಅವರು ಇದ್ದಾಗ ಕಿವಿರಾಯ ಹೊಸದೊಂದು ವಿಡಿಯೊ ಕ್ಯಾಮೆರಾ ಕೊಂಡು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಿಜಿಟಲ್ ಟೇಪುಗಳಲ್ಲಿ ಕಂಡದ್ದನ್ನೆಲ್ಲ ತುಂಬಿಸಿಟ್ಟಿದ್ದ. ಆ ಕ್ಯಾಮೆರಾಕ್ಕೆ ಸಣ್ಣ ನೆಗಡಿಯಾದಾಗ ತಾನೇ ಬಿಚ್ಚಿ ರಿಪೇರಿ ಮಾಡಿದ. ಅಂದಿನಿಂದ ಅದು ಶಾಶ್ವತವಾಗಿ ಬಿಚ್ಚಿಕೊಂಡೇ ಇತ್ತು. ಟೇಪುಗಳು ಮಾತ್ರ ಹನ್ನೊಂದೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿದ್ದವು. ಪ್ರತಿ ಟೇಪಿನ ಬೆನ್ನಿಗೆ ಉಗುರಿನಷ್ಟು ಒಂದು ಚಿಲಕವಿರುತ್ತದೆ. ಅದನ್ನು ಸರಿಸಿದರೆ ಇದ್ದದ್ದರ ಮೇಲೆ ಬೇರೇನೂ ಚಿತ್ರವಾಗುವುದಿಲ್ಲ. ಹೆಂಡತಿ ಆ ಹನ್ನೊಂದೂ ಚಿಲಕಗಳನ್ನು ಅಂದೇ ಹಾಕಿಟ್ಟಿದ್ದಳು.

"ಸ್ಟುಡಿಯೊದವನ ಹತ್ತಿರ ಕೊಟ್ರೆ ಹೊಸ ಡಿಸ್ಕಿಗೆ ಹಾಕಿ ಕೊಡ್ತಾನಂತೆ" ಎಂದ ಕಿವಿರಾಯ.

"ಒಂದು ತಿಂಗಳು ಇಟ್ಕೋತಾನಂತೆ. ಬೇಡ. ಟೇಪು ಈ ಮನೆ ಹೊಸ್ತಿಲು ದಾಟಬಾರದು. ಕ್ಯಾಮೆರಾನೇ ಮನೆಗೆ ಬರಲಿ. ಹಳೇದೇ ತನ್ನಿ, ಆದ್ರೆ ಗೊತ್ತಿರೋರನ್ನ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ."

"ಗೊತ್ತಿರೋರು ಅಂದ್ರೆ?"

"ಅಂದ್ರೆ, ನಿಮ್ಮನ್ನ ಬಿಟ್ಟು ಯಾರಾದ್ರೂ."

ಇದು ಕಿವಿರಾಯನಿಗೆ ನಾಟಿತು. ಸಾವಿರ ಮೋಟಾರುಗಳ ನಾಡಿ ಹಿಡಿದವನಿಗೆ ಅಂಗೈಯಗಲದ ಮೋಟಾರೊಂದನ್ನು ಆರಿಸಲು ಬರುವುದಿಲ್ಲವೆ? ಒಬ್ಬನೇ ಹೊರಟ. ಪರೀಕ್ಷೆಗೆ ಒಂದು ಟೇಪು ಬೇಕೇ ಬೇಕು. ಹೊಸ ಟೇಪು ಯಾವ ಅಂಗಡಿಯಲ್ಲೂ ಇಲ್ಲ. ಹೆಂಡತಿ ಸ್ನಾನಕ್ಕೆ ಹೋದಾಗ ಬಿಸ್ಕತ್ತಿನ ಡಬ್ಬಿ ತೆರೆದು ಚೀಟಿಗಳನ್ನು ಓದಿದ. 'ಹೊಸ ಲಿಫ್ಟ್ ಕೂರಿಸಿದ್ದು.' ಇದು ಅಮೂಲ್ಯ. 'ಹಳೆ ಲಿಫ್ಟ್ ಕಳಚಿದ್ದು.' ಇದು ಇನ್ನೂ ಅಮೂಲ್ಯ. 'ಮಾವ.' ಇದನ್ನು ಮುಟ್ಟುವ ಪಾಪಿ ತಾನಲ್ಲ. ಕೊನೆಗೆ ಸಿಕ್ಕಿದ್ದು ತನ್ನದೇ ಕೈಬರಹದ ಒಂದು ಚೀಟಿ: 'ವಿಶೇಷ ಏನಿಲ್ಲ.' ವಿಶೇಷ ಏನೂ ಇಲ್ಲದ ಟೇಪು ಕಿಸೆಗೆ ಬಿತ್ತು. ಚಿಲಕವನ್ನು ಮೆಟ್ಟಿಲ ಮೇಲೆ ನಿಂತು ಉಗುರಿನಿಂದ ಈಚೆ ಸರಿಸಿದ.

ಹಳೆ ಕ್ಯಾಮೆರಾ ಮಾರಲಿದ್ದ ಮೊದಲನೇ ಮಾಲೀಕರು ಹಲ್ಲಿನ ಡಾಕ್ಟರು. ಅವರ ಕ್ಯಾಮೆರಾದ ಪರದೆ ತೆರೆಯುತ್ತಿರಲಿಲ್ಲ. ಕಿವಿರಾಯನಿಗೆ ಪರದೆ ಬೇಕೂ ಇರಲಿಲ್ಲ. ಟೇಪು ಹಾಕಿ, ಕ್ಯಾಮೆರಾವನ್ನು ಮೇಜಿನ ಮೇಲೆ ತನ್ನ ಕಡೆಗೆ ತಿರುಗಿಸಿಟ್ಟು, ಅದರ ಪಕ್ಕಕ್ಕೆ ತಲೆ ಬಾಗಿಸಿ ಕಿವಿ ಒಡ್ಡಿದ.

"ಟಿವಿಗೆ ಜೋಡಿಸಿ ಚಿತ್ರ ನೋಡಲ್ವಾ?" ಎಂದರು ಡಾಕ್ಟರು.

"ಬರೀ ಓಡಿಸಿದ್ರೆ ಏನು ಗೊತ್ತಾಗತ್ತೆ ಸಾರ್? ರೆಕಾರ್ಡಿಂಗ್ ಹಾಕ್ಬೇಕು. ಅದೇ ಹೊರೆ. ಹೊರೆ ಬಿದ್ದಾಗಲೇ ಮೋಟಾರಿನ ಯೋಗ್ಯತೆ ಗೊತ್ತಾಗೋದು."

ಕೆಂಪು ಗುಂಡಿ ಒತ್ತಿದ. ಮೂರು ನಿಮಿಷ ಕೇಳಿದ. ಕೇಳುತ್ತಲೇ ವ್ಯಾಪಾರಕ್ಕೂ ಇಳಿದ. ಬೆಲೆಯನ್ನು ನೆಲಮಹಡಿಗೆ ಇಳಿಸಲು ಅವನಿಗೆ ಹೊಳೆದ ದಾರಿ ಅತ್ತೆಯ ಆರೋಗ್ಯ. ಅತ್ತೆಗೆ ಜ್ವರ, ವಾರದಿಂದ ಊಟವಿಲ್ಲ, ಗಂಡನ ದನಿ ಕೇಳಬೇಕು ಎನ್ನುತ್ತಿದ್ದಾರೆ. ಕೊನೆಯದೊಂದು ಮಾತ್ರ ನಿಜ. ಡಾಕ್ಟರು ಕರಗಲಿಲ್ಲ. ಮೋಟಾರೂ ಕೆಮ್ಮುತ್ತಿತ್ತು. ಟೇಪನ್ನು ಸ್ವಲ್ಪ ದೂರ ಸರ್ರನೆ ಮುಂದಕ್ಕೆ ಓಡಿಸಿ, ಆ ಸದ್ದನ್ನೂ ಕೇಳಿ, ಮೂಗು ಮುರಿದು ಎದ್ದು ಬಂದ.

ಎರಡನೇ ಮನೆಯಲ್ಲಿ ಗಂಡ ಹೆಂಡತಿ ಮನೆ ಬದಲಾಯಿಸುವ ಗಡಿಬಿಡಿಯಲ್ಲಿದ್ದರು. ರಟ್ಟಿನ ಪೆಟ್ಟಿಗೆಗಳ ಮೇಲೇ ಪರೀಕ್ಷೆ ನಡೆಯಿತು. ಮತ್ತೆ ಕೆಂಪು ಗುಂಡಿ, ಮತ್ತೆ ಕಿವಿ, ಮತ್ತೆ ಮೂರು ನಿಮಿಷ, ಮತ್ತೆ ಟೇಪು ಸರ್ರನೆ ಮುಂದಕ್ಕೆ. ಇಲ್ಲಿ ಅತ್ತೆ ಆಸ್ಪತ್ರೆ ಸೇರಿದರು. "ಮೂಗಿಗೆ ನಳಿಗೆ ಹಾಕಿದ್ದಾರಮ್ಮ, ಕೈ ಸನ್ನೆ ಮಾಡಿ ಕ್ಯಾಮೆರಾ ಕೇಳ್ತಾರೆ" ಎಂದ. ಹೆಂಗಸು ಕಣ್ಣೊರೆಸಿಕೊಂಡಳು, ಆದರೆ ಟೇಪಿನ ಬಾಗಿಲು ಮುಚ್ಚುವಾಗ ಕರ್ರ್ ಎಂದು ಹಲ್ಲು ಕಡಿಯಿತು. ಅದೂ ಬೇಡವಾಯಿತು.

ಮೂರನೆಯವರು ನಿವೃತ್ತ ಹೆಡ್‌ಮಾಸ್ಟರು. ಅವರ ಕ್ಯಾಮೆರಾ ಬಟ್ಟೆ ಸುತ್ತಿ ಇಟ್ಟದ್ದು. ಒಂದು ಗೀರಿಲ್ಲ. ಮೋಟಾರಿನ ಸದ್ದು ಮಗು ನಿದ್ದೆಯಲ್ಲಿ ಉಸಿರಾಡಿದ ಹಾಗಿತ್ತು. ಕಿವಿರಾಯನಿಗೆ ಆನಂದದಿಂದ ರೋಮಾಂಚನವಾಯಿತು, ಬಾಯಿಯ ಮೇಲಿನ ಹಿಡಿತವೂ ತಪ್ಪಿತು. ಅಲ್ಲಿ ಅತ್ತೆ ತೀರಿಕೊಂಡರು. ಹೆಡ್‌ಮಾಸ್ಟರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡು, ನೀವು ಕೊಟ್ಟಷ್ಟು ಕೊಡಿ ಎಂದರು. ಚಾರ್ಜರು, ವೈರು, ಚರ್ಮದ ಚೀಲ ಎಲ್ಲವನ್ನೂ ಸೇರಿಸಿ ಕೊಟ್ಟರು. ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ಭಾನುವಾರ ಬೆಳಿಗ್ಗೆ ಕ್ಯಾಮೆರಾವನ್ನು ಟಿವಿಗೆ ಜೋಡಿಸಿದ್ದಾಯಿತು. ಅತ್ತೆಯವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಎಡಗಿವಿ ಮುಂದಾಗುವಂತೆ ಕುರ್ಚಿ ಓರೆ ಹಾಕಿಕೊಂಡು ಕೂತರು. ಅವರಿಗೆ ಕೇಳಲೆಂದು ಟಿವಿಯ ದನಿ ತುದಿ ಮುಟ್ಟಿತು. ಬಾಲ್ಕನಿಯ ಗಾಜು ಸಣ್ಣಗೆ ನಡುಗಿತು.

ಮೊದಲು 'ಮಾವ' ಎಂಬ ಚೀಟಿಯ ಟೇಪು. ಮಾವನವರು ಕೋಟು ಹಾಕಿಕೊಂಡು ನಿಂತಿದ್ದಾರೆ. ಫೋಟೊ ತೆಗೆಯುತ್ತಿದ್ದಾರೆಂದು ತಿಳಿದು ಉಸಿರು ಬಿಗಿಹಿಡಿದಿದ್ದಾರೆ. ಹನ್ನೆರಡು ನಿಮಿಷ ಹಾಗೆಯೇ ನಿಂತಿದ್ದರು. ಒಂದು ಮಾತಿಲ್ಲ. ಆಮೇಲೆ ಟೇಪಿನ ತುಂಬ ಲಿಫ್ಟು.

"ದನಿ ಎಲ್ಲಿ?" ಎಂದರು ಅತ್ತೆ.

ಹೆಂಡತಿ ಡಬ್ಬಿಯಲ್ಲಿ ಕೈಯಾಡಿಸಿ ಇನ್ನೊಂದು ಟೇಪು ತೆಗೆದಳು. ಚೀಟಿ ನೋಡಿದಳು. ಹಿಂದೆ ತಿರುಗಿಸಿ ನೋಡಿದಳು. "ಇದರ ಚಿಲಕ ಯಾಕೆ ತೆಗೆದಿದೆ?"

ಕಿವಿರಾಯನಿಗೆ ಎಂದಿನಂತೆ ಕೇಳಿಸಲಿಲ್ಲ.

ಅವಳು ಟೇಪನ್ನು ಮೊದಲಿಗೆ ಸುತ್ತಿ ಓಡಿಸಿದಳು. ಅಂಗಡಿ. ಬಟ್ಟೆಯ ತುಂಡುಗಳು. ಒಂದು ಹೊಲಿಗೆ ಯಂತ್ರದ ಮುಂದೆ ಅತ್ತೆ, ಇನ್ನೂ ಕಪ್ಪು ಕೂದಲಿನವರು. ಪಕ್ಕದ ಮೇಜಿನಲ್ಲಿ ಮಾವ, ಕೊರಳಲ್ಲಿ ಅಳತೆ ಟೇಪು, ಬಾಯ್ತುಂಬ ಮಾತು. "ಆ ಮನುಷ್ಯ ನಾಲ್ಕೇ ಗುಂಡಿ ಸಾಕು ಅಂತಾನೆ ಕಣೇ. ಹೊಟ್ಟೆ ನೋಡಿದ್ರೆ ಆರಕ್ಕೂ ನಿಲ್ಲಲ್ಲ." ಅತ್ತೆಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹೆಂಡತಿ ತಾಯಿಯ ಕೈ ಹಿಡಿದಳು. ಅಪ್ಪ ಇಷ್ಟು ಮಾತಾಡುತ್ತಿದ್ದದ್ದೇ ಮರೆತುಹೋಗಿತ್ತು ಎಂದು ಅಳುತ್ತ ನಕ್ಕಳು.

ಅಷ್ಟರಲ್ಲಿ ಟಿವಿಯ ತುಂಬ ಒಂದು ಕಿವಿ ಬಂತು.

ದೊಡ್ಡ ಕಿವಿ. ಒಳಗೆ ಕೂದಲು ಬೆಳೆದ, ಯಾರದೆಂದು ಕೇಳುವ ಅಗತ್ಯವೇ ಇಲ್ಲದ ಕಿವಿ. ಅದರ ಹಿಂದಿನಿಂದ ಒಂದು ದನಿ ಮೊಳಗಿತು: "ಅತ್ತೆಗೆ ಜ್ವರ ಸಾರ್, ವಾರದಿಂದ ಒಂದು ತುತ್ತು ತಿಂದಿಲ್ಲ."

"ಯಾರ ಅತ್ತೆಗೆ?" ಎಂದರು ಅತ್ತೆ.

ಕಿವಿರಾಯ ಗುಂಡಿಯ ಕಡೆಗೆ ಕೈ ಚಾಚಿದ. "ಮುಟ್ಟಬೇಡಿ" ಎಂದಳು ಹೆಂಡತಿ. ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮೂರು ನಿಮಿಷ ಎಷ್ಟು ಉದ್ದ ಎಂಬುದು ಅವನಿಗೆ ಅಂದೇ ಗೊತ್ತಾಗಿದ್ದು.

ಮತ್ತೆ ಮಾವ ಬಂದರು, ಕತ್ತರಿಯ ಸಾಣೆಯ ಬಗ್ಗೆ ಮಾತಾಡಿದರು. ಮತ್ತೆ ಕಿವಿ ಬಂತು, ಹಿಂದೆ ರಟ್ಟಿನ ಪೆಟ್ಟಿಗೆ, ಮೂಗಿನ ನಳಿಗೆ, ಕೈ ಸನ್ನೆ. ಅತ್ತೆಯವರು ಅರಿವಿಲ್ಲದೆ ತಮ್ಮ ಮೂಗು ಮುಟ್ಟಿ ನೋಡಿಕೊಂಡರು. ಮತ್ತೆ ಮಾವ. ಈ ಸಲ ಅವರು ಕತ್ತರಿ ಕೆಳಗಿಟ್ಟಿದ್ದರು. ಯಂತ್ರ ತುಳಿಯುತ್ತಿದ್ದ ಅತ್ತೆಯ ಕಡೆ ತಿರುಗಿದ್ದರು. "ನೋಡು, ಒಂದು ಮಾತು ಹೇಳ್ತೀನಿ. ಬಹಳ ದಿನದಿಂದ ಹೇಳ್ಬೇಕು ಅಂತಿದ್ದೆ."

"ಅತ್ತೆ ತೀರಿಕೊಂಡ್ರು ಸಾರ್!" ಎಂದಿತು ಕಿವಿ.

ಬಾಲ್ಕನಿಯ ಗಾಜು ಗಡಗಡ ಎಂದಿತು. ಎದುರು ಮನೆಯ ಬಾಗಿಲು ದಡಾರನೆ ತೆರೆದ ಸದ್ದಾಯಿತು. ಮರುಕ್ಷಣ ನರ್ಸಮ್ಮ ಒಳಗೆ ನುಗ್ಗಿ, "ಅಯ್ಯೋ, ಯಾವಾಗ? ನಿನ್ನೆ ಸಂಜೆ ಕೂಡ ಚೆನ್ನಾಗಿದ್ರಲ್ಲ!" ಎಂದವರು ಕುರ್ಚಿಯಲ್ಲಿ ಕೂತಿದ್ದ ಅತ್ತೆಯವರನ್ನು ಕಂಡು ಗೋಡೆ ಹಿಡಿದುಕೊಂಡರು.

"ಬಾಮ್ಮ, ಕೂತ್ಕೋ" ಎಂದರು ಅತ್ತೆ. "ಈಗ ತಾನೇ ಹೋದೆ."

ಟಿವಿಯಲ್ಲಿ ಹೆಡ್‌ಮಾಸ್ಟರು ಬಿಕ್ಕುತ್ತಿದ್ದರು. ಅದು ಮುಗಿಯುವವರೆಗೂ ನಾಲ್ವರೂ ಕಾದರು. ಮುಗಿದ ಮೇಲೆ ಮಾವ ಮತ್ತೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. "ಅಷ್ಟೇ ಕಣೇ ನಾನು ಹೇಳ್ಬೇಕಾಗಿದ್ದು. ತಿಳೀತಾ?" ಎಂದರು. ಟಿವಿಯೊಳಗಿನ ಅತ್ತೆ ಯಂತ್ರ ತುಳಿಯುತ್ತಲೇ ತಲೆಯಾಡಿಸಿ, "ತಿಳೀತು, ತಿಳೀತು" ಎಂದರು. ಮಾವ ಕತ್ತರಿ ಕೈಗೆತ್ತಿಕೊಂಡರು. ಟೇಪು ಮುಗಿಯಿತು.

ಕಿವಿರಾಯನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಆದರೆ ಐದನೇ ಮಹಡಿಯಿಂದ ಭೂಮಿಯೂ ದೂರ. ಹೆಂಡತಿ ಅವನತ್ತ ನೋಡಲೂ ಇಲ್ಲ. ಪುಕ್ಕವಿಲ್ಲದ ಕೋಳಿಮರಿಯಂತೆ ಮುದುಡಿಕೊಂಡು, ಹೇಗಾದರೂ ಬಚಾವಾಗುವ ದಾರಿ ಹುಡುಕಿ, ಅವನೇ ಬಾಯಿಬಿಟ್ಟ.

"ಹೋಗ್ಲಿ ಬಿಡಿ ಅತ್ತೆ, ನಿಮಗೆ ಹೇಗೂ ಗೊತ್ತಲ್ಲ. ನೀವೇ ತಿಳೀತು ಅಂದ್ರಲ್ಲ. ಮಾವ ಏನು ಹೇಳಿದ್ರು?"

"ಎಲ್ಲಿ ತಿಳೀತು?" ಎಂದರು ಅತ್ತೆ. "ಮಿಷಿನ್ ಸದ್ದಲ್ಲಿ ನನಗೇನೂ ಕೇಳಿಸ್ಲೇ ಇಲ್ಲ ಕಣಪ್ಪ. ಮತ್ತೆ ಕೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ನೆ ತಿಳೀತು ಅಂದೆ. ಆಮೇಲೆ ಕೇಳೋಣ ಅನ್ಕೊಂಡೆ, ಅವರೇ ಹೊರಟುಹೋದ್ರು. ಅದೊಂದು ಮಾತು ಕೇಳೋಣ ಅಂತಲೇ ಈ ಕ್ಯಾಮೆರಾ ತರ್ಸಿದ್ದು."

ಹೆಂಡತಿ ಮುಖಕ್ಕೆ ಸೆರಗು ಒತ್ತಿಕೊಂಡಳು. ಅತ್ತೆಯವರು ಅಳಿಯನ ಕಡೆಗೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಬರೀ ಆಸೆ ಇತ್ತು.

"ನೀನೇ ಹೇಳಪ್ಪ. ಅವತ್ತು ಕ್ಯಾಮೆರಾ ಹಿಡ್ಕೊಂಡು ಎದುರಿಗೇ ನಿಂತಿದ್ದವನು ನೀನೇ ಅಲ್ವಾ? ನಿನ್ನ ಕಿವಿ ಚೆನ್ನಾಗಿದೆ. ಅವರು ಏನಂದ್ರು?"

ಕಿವಿರಾಯ ನೆನಪು ಮಾಡಿಕೊಂಡ. ಅಂಗಡಿ ನೆನಪಿತ್ತು, ಬಿಸಿಲು ನೆನಪಿತ್ತು. ಆ ಹೊತ್ತಿನ ಸದ್ದೂ ಸ್ಪಷ್ಟವಾಗಿ ನೆನಪಿತ್ತು. ಕ್ಯಾಮೆರಾ ಹೊಸತು, ಅದರ ಮೋಟಾರು ಎಷ್ಟು ನಯವಾಗಿ ಓಡುತ್ತಿದೆ ಎಂದು ಅವನು ಇಡೀ ಹೊತ್ತು ಅದನ್ನೇ ಕೇಳುತ್ತಿದ್ದ. ಮಾವ ಮುಗಿಸಿದ ಮೇಲೆ ಮನೆಗೆ ಬಂದು 'ವಿಶೇಷ ಏನಿಲ್ಲ' ಎಂದು ಚೀಟಿ ಅಂಟಿಸಿದ್ದ. ಒಂದು ಸುಳ್ಳಾದರೂ ಹೇಳಿ ಆ ಮುಖವನ್ನು ಸಮಾಧಾನ ಮಾಡೋಣವೆಂದರೆ, ಮೂರು ಮನೆಯಲ್ಲಿ ನೀರು ಕುಡಿದಷ್ಟು ಸುಲಭವಾಗಿ ಸುಳ್ಳು ಹೇಳಿದ ನಾಲಿಗೆಯಲ್ಲಿ ಆಗ ಒಂದೂ ಹುಟ್ಟಲಿಲ್ಲ.

"ನಾನು ಕೇಳಿಸ್ಕೊಳ್ಳಲಿಲ್ಲ ಅತ್ತೆ" ಎಂದ, ನೆಲ ನೋಡುತ್ತ.

ಅತ್ತೆಯವರು ಎಡಗಿವಿಗೆ ಅಂಗೈ ಮರೆ ಹಿಡಿದು ಇನ್ನಷ್ಟು ಹತ್ತಿರ ಬಾಗಿದರು. "ಏನಂದೆ? ಸ್ವಲ್ಪ ಗಟ್ಟಿಯಾಗಿ ಹೇಳಪ್ಪ."

ನರ್ಸಮ್ಮ ಬಾಗಿಲಲ್ಲೇ ಇದ್ದರು. ಅವರ ಹಿಂದೆ ನಾಲ್ಕನೇ ಮಹಡಿಯವರೂ ಬಂದು ನಿಂತಿದ್ದರು. ಕಿವಿರಾಯ ಗಟ್ಟಿಯಾಗಿ ಹೇಳಿದ.